ಕ್ಯಾಮೆರಾ ಒಂದು ಕಂಪನಿಯದು, ರೆಕಾರ್ಡರ್ ಇನ್ನೊಂದರದು

ಭಟ್ಕಳದಲ್ಲಿ ಯಜಮಾನರು ದುಬೈಯಲ್ಲೋ ಸೌದಿಯಲ್ಲೋ ದುಡಿಯುವ ಮನೆಗಳು ಬಹಳ. ಅಂಗಳದ ಸಿಸಿ ಕ್ಯಾಮೆರಾವನ್ನು ಅವರು ಮೊಬೈಲಿನಲ್ಲೇ ನೋಡುವುದು. ಮಕ್ಕಳು ಬೆಂಗಳೂರು, ಮುಂಬೈ ಸೇರಿದ ಹೊನ್ನಾವರ, ಕುಮಟಾದ ಮನೆಗಳಲ್ಲೂ ಇದೇ ಏರ್ಪಾಡು. ಸಿಡಿಲಿಗೆ ರೆಕಾರ್ಡರ್ ಪೆಟ್ಟಿಗೆ (ಡಿವಿಆರ್) ಸುಟ್ಟುಹೋಯಿತು, ಕ್ಯಾಮೆರಾ ಉಳಿಯಿತು ಅಂದುಕೊಳ್ಳಿ. ಬೇರೆ ಕಂಪನಿಯ ಪೆಟ್ಟಿಗೆ ತಂದು ಜೋಡಿಸಬಹುದೇ?

ಅನಲಾಗ್ ಕಾಲದಲ್ಲಿ ಇದೊಂದು ಪ್ರಶ್ನೆಯೇ ಆಗಿರಲಿಲ್ಲ. ಚಿತ್ರ ಮಸುಕಾಗಿದ್ದರೂ ಯಾವ ಕ್ಯಾಮೆರಾವೂ ಯಾವ ಡಿವಿಆರ್‌ಗೂ ಕೂಡುತ್ತಿತ್ತು. 2012ರಲ್ಲಿ ದಹುವಾ ಕಂಪನಿ ಅದೇ ಕೇಬಲ್ಲಿನಲ್ಲಿ ಎಚ್‌ಡಿ ಚಿತ್ರ ಕಳಿಸುವ ಸಿವಿಐ ತಂತ್ರ ತಂದಿತು. ಬೆನ್ನಿಗೇ ಟಿವಿಐ, ಎಎಚ್‌ಡಿ ಬಂದವು; ಒಂದರ ಚಿತ್ರವನ್ನು ಇನ್ನೊಂದರ ಡಿವಿಆರ್ ಓದುತ್ತಿರಲಿಲ್ಲ. ಪಿನ್ನು ಸರಿಯಾಗಿ ಕೂತರೂ ಪರದೆ ಕಪ್ಪಾಗಿರುವ ಪಜೀತಿ ಶುರುವಾದದ್ದು ಆಗಲೇ. ಎಲ್ಲವನ್ನೂ ಓದುವ ಎಕ್ಸ್‌ವಿಆರ್ ಪೆಟ್ಟಿಗೆ ಬಂದ ಮೇಲೆ ಅದು ಬಹುಮಟ್ಟಿಗೆ ತೀರಿದೆ. ನಮ್ಮ ಕರಾವಳಿಯಲ್ಲಿ ಮಾತ್ರ ಪೆಟ್ಟಿಗೆಯನ್ನು ದೂರುವ ಮೊದಲು ಕೇಬಲ್ಲಿನ ತುದಿಯ ಬಿಎನ್‌ಸಿ ಪಿನ್ನು ಬಿಚ್ಚಿ ನೋಡಬೇಕು. ಉಪ್ಪುಗಾಳಿಗೆ ಅಲ್ಲಿ ಹಸಿರು ಕಿಲುಬು ಹಿಡಿದಿರುತ್ತದೆ.

ನೆಟ್‌ವರ್ಕಿನ ಮೂಲಕ ಚಿತ್ರ ಕಳಿಸುವ ಐಪಿ ಕ್ಯಾಮೆರಾದ ಕಥೆ ಬೇರೆ. 1996ರಲ್ಲಿ ಸ್ವೀಡನ್ನಿನ ಆಕ್ಸಿಸ್ ಮೊದಲ ನೆಟ್‌ವರ್ಕ್ ಕ್ಯಾಮೆರಾ ಮಾರುಕಟ್ಟೆಗೆ ಬಿಟ್ಟಿತು. ಮುಂದೆ ಹತ್ತು ವರ್ಷಕ್ಕೂ ಹೆಚ್ಚು ಕಾಲ ಒಂದೊಂದು ಕಂಪನಿಯದೂ ಒಂದೊಂದು ಭಾಷೆ. 2008ರಲ್ಲಿ ಆಕ್ಸಿಸ್, ಬಾಷ್, ಸೋನಿ ಸೇರಿ ಒನ್‌ವಿಫ್ ಎಂಬ ಸಾಮಾನ್ಯ ನಿಯಮಾವಳಿ ಕಟ್ಟಿದವು. ಈ ಕ್ಷೇತ್ರದಲ್ಲಿ ಗ್ರಾಹಕನಿಗೆ ಇದಕ್ಕಿಂತ ದೊಡ್ಡ ಉಪಕಾರ ಆಗಿಲ್ಲ ಎಂದೇ ನನ್ನ ಅಭಿಪ್ರಾಯ.

ಆದರೂ ಕೆಲಸ ಸಲೀಸಲ್ಲ. ಹಲವು ಕ್ಯಾಮೆರಾಗಳಲ್ಲಿ ಒನ್‌ವಿಫ್ ಆಫ್ ಆಗಿಯೇ ಬರುತ್ತದೆ. ಆನ್ ಮಾಡಿ ಅದಕ್ಕೆಂದೇ ಬೇರೆ ಯೂಸರ್ ಹೆಸರು, ಪಾಸ್‌ವರ್ಡ್ ಕೊಡಬೇಕು. ಇನ್ನೊಂದು ತೊಡಕು ಗಡಿಯಾರದ್ದು. ಒನ್‌ವಿಫ್ ಪಾಸ್‌ವರ್ಡಿನೊಂದಿಗೆ ಆ ಹೊತ್ತಿನ ಸಮಯವನ್ನೂ ಬೆರೆಸಿ ಕಳಿಸುವ ಪದ್ಧತಿಯಿದೆ. ಮಳೆಗಾಲದಲ್ಲಿ ಕರೆಂಟು ಹೋಗಿ ಬಂದಾಗ ಕೆಲವು ಕ್ಯಾಮೆರಾಗಳ ದಿನಾಂಕ 1970ಕ್ಕೆ ಹೋಗಿ ನಿಲ್ಲುತ್ತದೆ. ಆಗ ಸರಿಯಾದ ಪಾಸ್‌ವರ್ಡ್ ಹಾಕಿದರೂ ತಪ್ಪು ಎಂದೇ ಉತ್ತರ ಬರಬಹುದು. ದಿನಾಂಕ, ಸಮಯ ಸರಿಪಡಿಸಿದರೆ ಚಿತ್ರ ಮೂಡುತ್ತದೆ.

ಅದೂ ಆಗದಿದ್ದರೆ 1998ರಿಂದ ಬಳಕೆಯಲ್ಲಿರುವ ಆರ್‌ಟಿಎಸ್‌ಪಿ (ನೆಟ್‌ವರ್ಕಿನಲ್ಲಿ ವಿಡಿಯೊ ತರಿಸುವ ನಿಯಮಾವಳಿ) ವಿಳಾಸ ಕೊಟ್ಟು ಚಿತ್ರ ತರಿಸಬಹುದು. ತಮ್ಮ ಆಪ್ ಬಿಟ್ಟು ಬೇರೆಡೆ ಚಿತ್ರ ಕೊಡದ ಅಗ್ಗದ ವೈಫೈ ಕ್ಯಾಮೆರಾಗಳಿಗೆ ಈ ದಾರಿಯೂ ಇಲ್ಲ. ಕೊಳ್ಳುವಾಗಲೇ ಕೇಳಿ ತಿಳಿದುಕೊಳ್ಳಿ. ಹಾರ್ಡ್‌ಡಿಸ್ಕಿನ ಲೆಕ್ಕವನ್ನೂ ಹಾಕಿ: ಸೆಕೆಂಡಿಗೆ 4 ಮೆಗಾಬಿಟ್‌ನಂತೆ ಒಂದು ಕ್ಯಾಮೆರಾಕ್ಕೆ ದಿನಕ್ಕೆ ಸುಮಾರು 43 ಜಿಬಿ ಬೇಕು. ನಾಲ್ಕು ಕ್ಯಾಮೆರಾ ಇದ್ದರೆ 1 ಟಿಬಿ ಆರು ದಿನಕ್ಕೂ ಸಾಲದು. ವಿಡಿಯೊವನ್ನು ಹೆಚ್ಚು ಕುಗ್ಗಿಸುವ ಎಚ್.265 ವಿಧಾನವಾದರೆ ಹೆಚ್ಚುಕಡಿಮೆ ಅರ್ಧ ಜಾಗ ಸಾಕು. ಆದರೆ ಹಳೆಯ ಎನ್‌ವಿಆರ್‌ಗಳು (ಐಪಿ ಕ್ಯಾಮೆರಾದ ರೆಕಾರ್ಡರ್‌ಗಳು) ಅದನ್ನು ಓದುವುದಿಲ್ಲ.

2025ರ ಏಪ್ರಿಲ್‌ನಿಂದ ದೇಶದಲ್ಲಿ ಸಿಸಿ ಕ್ಯಾಮೆರಾಗಳಿಗೆ ಸೈಬರ್ ಸುರಕ್ಷತೆಯ ಪರೀಕ್ಷೆ ಕಡ್ಡಾಯವಾಗಿದೆ. ಕಂಪನಿ ಬದಲಿಸುವ ಗ್ರಾಹಕನ ಹಕ್ಕಿಗೂ ಇಂಥದೇ ಒತ್ತು ಸಿಗಬೇಕು. ಹಳೆಯ ಹಾರ್ಡ್‌ಡಿಸ್ಕನ್ನು ಬೇರೆ ಕಂಪನಿಯ ಪೆಟ್ಟಿಗೆಗೆ ಹಾಕಿದರೆ ಈಗಲೂ ಅದು ಸಾಮಾನ್ಯವಾಗಿ ಫಾರ್ಮ್ಯಾಟ್ ಮಾಡಲು ಕೇಳುತ್ತದೆ. ಒಪ್ಪಿದರೆ ಅದರಲ್ಲಿದ್ದ ದೃಶ್ಯಗಳೆಲ್ಲ ಹೋದಂತೆಯೇ.