ಹೆರಿಗೆಗೆ ಮೊದಲೇ ಮಕ್ಕಳ ವೈದ್ಯರನ್ನು ಗೊತ್ತುಪಡಿಸಿಕೊಳ್ಳುವುದು: ಹುಲಕೋಟಿ ಮತ್ತು ಸುತ್ತಲಿನ ಗ್ರಾಮಗಳ ಪೋಷಕರಿಗೆ ಮಾಹಿತಿ

ಪೀಠಿಕೆ

ಗರ್ಭಿಣಿಯ ತಪಾಸಣೆ ಎಲ್ಲಿ ಆಗಬೇಕು, ಹೆರಿಗೆ ಯಾವ ಆಸ್ಪತ್ರೆಯಲ್ಲಿ ಆಗಬೇಕು ಎಂಬುದನ್ನು ಹೆಚ್ಚಿನ ಕುಟುಂಬಗಳು ಮುಂಚಿತವಾಗಿಯೇ ನಿರ್ಧರಿಸುತ್ತವೆ. ಆದರೆ ಹುಟ್ಟುವ ಶಿಶುವನ್ನು ಯಾವ ವೈದ್ಯರು ನೋಡಬೇಕು, ಶಿಶುವಿಗೆ ತೊಂದರೆ ಕಂಡುಬಂದಲ್ಲಿ ಎಲ್ಲಿಗೆ ಕರೆದೊಯ್ಯಬೇಕು ಎಂಬ ವಿಚಾರವು ಬಹುತೇಕ ಹೆರಿಗೆಯ ನಂತರವೇ ಚರ್ಚೆಗೆ ಬರುತ್ತದೆ. ಗದಗ ತಾಲ್ಲೂಕಿನ ಹುಲಕೋಟಿ ಹಾಗೂ ಲಕ್ಷ್ಮೇಶ್ವರ, ಶಿರಹಟ್ಟಿ ಮತ್ತು ಮುಂಡರಗಿ ತಾಲ್ಲೂಕುಗಳ ಗರ್ಭಿಣಿಯರು ಮತ್ತು ಅವರ ಕುಟುಂಬದವರು ಈ ನಿರ್ಧಾರವನ್ನು ಮುಂಚಿತವಾಗಿ ಕೈಗೊಳ್ಳಲು ಅನುಕೂಲವಾಗುವಂತೆ ಈ ಮಾಹಿತಿಯನ್ನು ನೀಡಲಾಗಿದೆ.

ಮುಂಚಿತವಾಗಿ ನಿರ್ಧರಿಸುವುದರ ಅಗತ್ಯ

ಹುಟ್ಟುವ ಪ್ರತಿ 10 ಶಿಶುಗಳಲ್ಲಿ ಸುಮಾರು ಒಂದು ಶಿಶುವಿಗೆ ಉಸಿರಾಟ ಆರಂಭಿಸಲು ಸ್ವಲ್ಪಮಟ್ಟಿನ ನೆರವು ಬೇಕಾಗುತ್ತದೆ. ಈ ನೆರವು ಮೊದಲ ಒಂದು ನಿಮಿಷದೊಳಗೆ ಆರಂಭವಾಗಬೇಕು. ಹುಟ್ಟಿದ ಒಂದು ಗಂಟೆಯೊಳಗೆ ತಾಯಿಯ ಎದೆಹಾಲು ಆರಂಭಿಸಬೇಕು. 24 ಗಂಟೆಗಳೊಳಗೆ ಹೆಪಟೈಟಿಸ್-ಬಿ ಲಸಿಕೆಯ ಜನನ ಡೋಸ್ ನೀಡಬೇಕು. ಅದೇ 24 ಗಂಟೆಗಳಲ್ಲಿ ಕಾಮಾಲೆ ಕಂಡುಬಂದರೆ ಅದನ್ನು ಅಪಾಯದ ಚಿಹ್ನೆಯೆಂದು ಪರಿಗಣಿಸಿ ಕೂಡಲೇ ಚಿಕಿತ್ಸೆ ನೀಡಬೇಕು. ಇವೆಲ್ಲವೂ ವೈದ್ಯರನ್ನು ಹುಡುಕಿಕೊಂಡು ಹೋಗಲು ಸಮಯವಿಲ್ಲದ ಸಂದರ್ಭಗಳಾಗಿವೆ. ಆದುದರಿಂದ ಹೆರಿಗೆಯ ಸ್ಥಳವನ್ನು ಆಯ್ಕೆ ಮಾಡುವಾಗಲೇ ಶಿಶುವಿನ ಆರೈಕೆಯ ಸ್ಥಳವನ್ನೂ ಆಯ್ಕೆ ಮಾಡತಕ್ಕದ್ದು.

ಯಾವಾಗ ನಿರ್ಧರಿಸಬೇಕು

ಗರ್ಭಧಾರಣೆಯ ಏಳನೆಯ ತಿಂಗಳು ಮುಗಿಯುವುದರೊಳಗೆ ನಿರ್ಧರಿಸುವುದು ಸೂಕ್ತ. 37 ವಾರಗಳು ತುಂಬುವ ಮೊದಲೇ ಜನಿಸುವ ಶಿಶುಗಳಿಗೆ ತಜ್ಞರ ಆರೈಕೆಯ ಅಗತ್ಯ ಹೆಚ್ಚಾಗಿರುವುದರಿಂದ ಒಂಬತ್ತನೆಯ ತಿಂಗಳಿನವರೆಗೆ ಕಾಯುವುದು ಸರಿಯಲ್ಲ. ಈ ಭಾಗದಲ್ಲಿ ಕುಬಸದ ಕಾರ್ಯದ ನಂತರ ಗರ್ಭಿಣಿಯು, ವಿಶೇಷವಾಗಿ ಚೊಚ್ಚಲ ಹೆರಿಗೆಗೆ, ತವರುಮನೆಗೆ ತೆರಳುವ ಪದ್ಧತಿ ಇದೆ. ತವರಿಗೆ ತೆರಳುವ ಮೊದಲೇ ಗಂಡನ ಮನೆಯವರು ಮತ್ತು ತವರಿನವರು ಕೂಡಿ ಈ ವಿಷಯವನ್ನು ಮಾತನಾಡಿಕೊಳ್ಳುವುದು ಒಳ್ಳೆಯದು.

ಶಿಶು ಆರೈಕೆಯ ವಿವಿಧ ಹಂತಗಳು

1. ಮನೆಯ ಹಂತ: ಆಶಾ ಕಾರ್ಯಕರ್ತೆಯು ಆಸ್ಪತ್ರೆಯಲ್ಲಿ ಹೆರಿಗೆಯಾದ ಬಾಣಂತಿಯ ಮನೆಗೆ 3, 7, 14, 21, 28 ಮತ್ತು 42ನೆಯ ದಿನಗಳಂದು ಭೇಟಿ ನೀಡಿ ಶಿಶುವಿನ ತೂಕ, ಹಾಲು ಕುಡಿಯುವಿಕೆ ಮತ್ತು ಮೈಯ ಬಿಸಿಯನ್ನು ಪರಿಶೀಲಿಸುತ್ತಾರೆ. ಆ ಬಳಿಕ 3, 6, 9, 12 ಮತ್ತು 15ನೆಯ ತಿಂಗಳುಗಳಲ್ಲಿ ಭೇಟಿ ಮುಂದುವರಿಯುತ್ತದೆ.

2. ಪ್ರಾಥಮಿಕ ಆರೋಗ್ಯ ಕೇಂದ್ರ: ಹೆರಿಗೆ ನಡೆಯುವ ಪ್ರತಿಯೊಂದು ಸರ್ಕಾರಿ ಕೇಂದ್ರದಲ್ಲಿ ನವಜಾತ ಶಿಶು ಆರೈಕೆ ಮೂಲೆ ಇರತಕ್ಕದ್ದು. ಶಿಶುವನ್ನು ಬೆಚ್ಚಗಿಡುವ ಮತ್ತು ಉಸಿರಾಟಕ್ಕೆ ನೆರವಾಗುವ ಸಾಧನಗಳು ಇಲ್ಲಿರುತ್ತವೆ.

3. ತಾಲ್ಲೂಕು ಹಂತ: ಈ ಹಂತದ ಹೆರಿಗೆ ಆಸ್ಪತ್ರೆಗಳಿಗೆ ನವಜಾತ ಶಿಶು ಸ್ಥಿರೀಕರಣ ಘಟಕವನ್ನು ನಿಗದಿಪಡಿಸಲಾಗಿದೆ. ಕಡಿಮೆ ತೂಕದ ಅಥವಾ ಸಾಧಾರಣ ತೊಂದರೆಯ ಶಿಶುಗಳನ್ನು ಇಲ್ಲಿ ಆರೈಕೆ ಮಾಡಲಾಗುತ್ತದೆ.

4. ಜಿಲ್ಲಾ ಹಂತ: ಎಸ್.ಎನ್.ಸಿ.ಯು. ಎಂದು ಕರೆಯಲಾಗುವ ವಿಶೇಷ ನವಜಾತ ಶಿಶು ಆರೈಕೆ ಘಟಕವು ಈ ಹಂತದ್ದಾಗಿದೆ. 1800 ಗ್ರಾಂಗಿಂತ ಕಡಿಮೆ ತೂಕದ, 34 ವಾರ ತುಂಬದೆ ಹುಟ್ಟಿದ ಅಥವಾ ತೀವ್ರ ತೊಂದರೆಯಿರುವ ಶಿಶುಗಳನ್ನು ಇಲ್ಲಿ ದಾಖಲಿಸಿಕೊಳ್ಳಲಾಗುತ್ತದೆ. ಜಿಲ್ಲೆಯ ಸರ್ಕಾರಿ ವೈದ್ಯಕೀಯ ಮಹಾವಿದ್ಯಾಲಯವಾದ ಗದಗ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯು (ಜಿಮ್ಸ್) ಗದಗಿನ ಮಲ್ಲಸಮುದ್ರದಲ್ಲಿದ್ದು 2015ರಲ್ಲಿ ಆರಂಭಗೊಂಡಿತು.

5. ಉನ್ನತ ಹಂತ: ಜಿಲ್ಲೆಯಲ್ಲಿ ಲಭ್ಯವಿಲ್ಲದ ಚಿಕಿತ್ಸೆಗೆ ಹುಬ್ಬಳ್ಳಿಯಲ್ಲಿ ಕಿಮ್ಸ್ ಎಂದೇ ಜನರಿಗೆ ಪರಿಚಿತವಾಗಿರುವ ಸರ್ಕಾರಿ ವೈದ್ಯಕೀಯ ಮಹಾವಿದ್ಯಾಲಯದ ಆಸ್ಪತ್ರೆ ಇದೆ.

ಹುಲಕೋಟಿಯು ಗದಗ-ಹುಬ್ಬಳ್ಳಿ ಹೆದ್ದಾರಿಯ ಮೇಲಿದ್ದು ಗದಗದಿಂದ ಸುಮಾರು 10 ಕಿ.ಮೀ. ಮತ್ತು ಹುಬ್ಬಳ್ಳಿಯಿಂದ ಸುಮಾರು 50 ಕಿ.ಮೀ. ದೂರದಲ್ಲಿದೆ. ಹೆಸರಾಂತ ವೈದ್ಯರು ಹುಬ್ಬಳ್ಳಿಯಲ್ಲಿದ್ದರೂ, ರಾತ್ರಿ ವೇಳೆ ಶಿಶು ಹಾಲು ಬಿಟ್ಟಾಗ ಮೊದಲು ತಲುಪಬಹುದಾದ ಸ್ಥಳ ಯಾವುದು ಎಂಬುದೇ ಮುಖ್ಯ. ಆದುದರಿಂದ ನಿತ್ಯದ ತಪಾಸಣೆಗೆ ಸಮೀಪದ ಒಬ್ಬ ವೈದ್ಯರನ್ನು ಮತ್ತು ತುರ್ತು ಚಿಕಿತ್ಸೆಗೆ ಒಂದು ಆಸ್ಪತ್ರೆಯನ್ನು ಪ್ರತ್ಯೇಕವಾಗಿ ಗೊತ್ತುಪಡಿಸಿಕೊಳ್ಳುವುದು ಸೂಕ್ತ.

ವೈದ್ಯರ ಅರ್ಹತೆಯನ್ನು ಪರಿಶೀಲಿಸುವ ಬಗೆ

1. ಮಕ್ಕಳ ತಜ್ಞರು ಎಂ.ಬಿ.ಬಿ.ಎಸ್. ಪದವಿಯ ನಂತರ ಮಕ್ಕಳ ವೈದ್ಯಶಾಸ್ತ್ರದಲ್ಲಿ ಎಂ.ಡಿ., ಡಿ.ಎನ್.ಬಿ. ಅಥವಾ ಡಿ.ಸಿ.ಎಚ್. ವ್ಯಾಸಂಗ ಮಾಡಿದವರಾಗಿರುತ್ತಾರೆ. ಹೆಸರಿನ ಹಿಂದೆ ಡಾಕ್ಟರ್ ಎಂದು ಇದ್ದ ಮಾತ್ರಕ್ಕೆ ಮಕ್ಕಳ ತಜ್ಞರೆಂದು ಭಾವಿಸತಕ್ಕದ್ದಲ್ಲ.

2. ವೈದ್ಯರ ಹೆಸರು ವೈದ್ಯಕೀಯ ಪರಿಷತ್ತಿನಲ್ಲಿ ನೋಂದಣಿಯಾಗಿರಬೇಕು. ಔಷಧ ಚೀಟಿಯ ಮೇಲೆ ನೋಂದಣಿ ಸಂಖ್ಯೆ ಇದೆಯೇ ಎಂದು ನೋಡಬಹುದು.

3. ಖಾಸಗಿ ಆಸ್ಪತ್ರೆ ಹಾಗೂ ಕ್ಲಿನಿಕ್‌ಗಳು ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮ, 2007ರ ಅಡಿಯಲ್ಲಿ ನೋಂದಣಿಯಾಗಿರಬೇಕು. ನೋಂದಣಿ ಪತ್ರ ಮತ್ತು ಶುಲ್ಕಗಳ ವಿವರವನ್ನು ರೋಗಿಗಳಿಗೆ ಕಾಣುವಂತೆ ಪ್ರದರ್ಶಿಸಬೇಕು. ಶುಲ್ಕದ ವಿವರ ಕೇಳುವುದು ಪೋಷಕರ ಹಕ್ಕಾಗಿದೆ; ಇದಕ್ಕೆ ಸಂಕೋಚಪಡಬೇಕಾಗಿಲ್ಲ.

4. ಎಲ್ಲ ಶಿಶುಗಳಿಗೂ ತಜ್ಞರೇ ಬೇಕೆಂಬ ನಿಯಮವಿಲ್ಲ. ಆರೋಗ್ಯವಂತ ಶಿಶುವಿನ ತೂಕ, ಬೆಳವಣಿಗೆ ಹಾಗೂ ಲಸಿಕೆಯನ್ನು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗಳು ಮತ್ತು ಸಿಬ್ಬಂದಿಯವರು ನೋಡಿಕೊಳ್ಳುತ್ತಾರೆ. ಯಾವ ಹಂತದಲ್ಲಿ ಯಾವ ತಜ್ಞರಲ್ಲಿಗೆ ಕಳುಹಿಸಲಾಗುವುದು ಎಂಬುದನ್ನು ಮಾತ್ರ ಮೊದಲೇ ತಿಳಿದಿರಬೇಕು.

ಹೆರಿಗೆಗೆ ಮೊದಲು ಕೇಳಿ ತಿಳಿಯಬೇಕಾದ ಅಂಶಗಳು

ಹೆರಿಗೆ ಆಸ್ಪತ್ರೆಯಲ್ಲಿ:
1. ಹೆರಿಗೆಯ ಸಮಯದಲ್ಲಿ ಶಿಶುವಿನ ಉಸಿರಾಟಕ್ಕೆ ನೆರವಾಗಲು ತರಬೇತಿ ಹೊಂದಿದ ಸಿಬ್ಬಂದಿ ರಾತ್ರಿ ವೇಳೆಯಲ್ಲೂ ಇರುವರೇ?
2. ಮಕ್ಕಳ ತಜ್ಞರು ಆಸ್ಪತ್ರೆಯಲ್ಲಿಯೇ ಇರುವರೇ ಅಥವಾ ಕರೆ ಮಾಡಿದ ಮೇಲೆ ಬರುವರೇ? ಬರಲು ಎಷ್ಟು ಸಮಯ ಬೇಕು?
3. ಶಿಶುವಿಗೆ ವಿಟಮಿನ್-ಕೆ ಚುಚ್ಚುಮದ್ದು ಮತ್ತು ಜನನ ಸಮಯದ ಲಸಿಕೆಗಳನ್ನು ಅಲ್ಲಿಯೇ ನೀಡಲಾಗುವುದೇ?
4. ಶಿಶುವನ್ನು ಬೇರೆಡೆಗೆ ಕಳುಹಿಸಬೇಕಾದಲ್ಲಿ ಯಾವ ಆಸ್ಪತ್ರೆಗೆ, ಯಾವ ವಾಹನದಲ್ಲಿ ಕಳುಹಿಸಲಾಗುವುದು? ತಾಯಿಗೂ ಅಲ್ಲಿ ಉಳಿಯಲು ಅವಕಾಶವಿದೆಯೇ?

ಮಕ್ಕಳ ವೈದ್ಯರಲ್ಲಿ:
1. ನೋಡುವ ವೇಳೆ, ವಾರದ ರಜೆ ಮತ್ತು ತಾವು ಇಲ್ಲದಿರುವಾಗ ನೋಡುವ ವೈದ್ಯರ ವಿವರ.
2. ಆಸ್ಪತ್ರೆಯಿಂದ ಮನೆಗೆ ಬಂದ ನಂತರ ಮೊದಲ ತಪಾಸಣೆಗೆ ಯಾವಾಗ ಬರಬೇಕು?
3. ಸರ್ಕಾರಿ ಲಸಿಕಾ ವೇಳಾಪಟ್ಟಿಯ ಲಸಿಕೆಗಳನ್ನು ಆರೋಗ್ಯ ಕೇಂದ್ರದಲ್ಲಿ ಹಾಕಿಸಿದರೆ ಅದೇ ಕಾರ್ಡ್‌ನಲ್ಲಿ ಮುಂದುವರಿಸುವರೇ?
4. ಎದೆಹಾಲು ಉಣಿಸುವಲ್ಲಿ ತೊಂದರೆಯಾದರೆ ತಾಯಿಗೆ ಮಾರ್ಗದರ್ಶನ ನೀಡುವರೇ? ಡಬ್ಬಿ ಹಾಲಿನ ಪುಡಿಯ ಪ್ರಚಾರ ಮತ್ತು ಉಚಿತ ಮಾದರಿ ಹಂಚಿಕೆಯನ್ನು 1992ರ ಶಿಶು ಹಾಲಿನ ಬದಲಿ ಪದಾರ್ಥಗಳ ಕಾಯಿದೆಯು ನಿಷೇಧಿಸಿದೆ ಎಂಬುದನ್ನು ಪೋಷಕರು ಗಮನಿಸುವುದು.

ಮಕ್ಕಳ ತಜ್ಞರಿರುವ ಆಸ್ಪತ್ರೆಯಲ್ಲೇ ಹೆರಿಗೆ ಮಾಡಿಸಬೇಕಾದ ಸಂದರ್ಭಗಳು

- ಅವಳಿ ಶಿಶುಗಳು ಅಥವಾ ಸ್ಕ್ಯಾನಿಂಗ್‌ನಲ್ಲಿ ಶಿಶುವಿನ ಬೆಳವಣಿಗೆಯ ಕೊರತೆ ಇಲ್ಲವೆ ಅಂಗದೋಷ ಕಂಡುಬಂದಿದ್ದಲ್ಲಿ
- ತಾಯಿಗೆ ರಕ್ತದೊತ್ತಡ, ಸಕ್ಕರೆ ಕಾಯಿಲೆ, ತೀವ್ರ ರಕ್ತಹೀನತೆ ಅಥವಾ ಹೃದಯದ ತೊಂದರೆ ಇದ್ದಲ್ಲಿ
- ತಾಯಿಯ ರಕ್ತದ ಗುಂಪು ಆರ್‌ಎಚ್ ನೆಗೆಟಿವ್ ಆಗಿದ್ದಲ್ಲಿ
- ಹಿಂದಿನ ಶಿಶು ತೀರಿಕೊಂಡಿದ್ದಲ್ಲಿ, ದಿನ ತುಂಬದೆ ಹುಟ್ಟಿದ್ದಲ್ಲಿ ಅಥವಾ ವಿಶೇಷ ಘಟಕದಲ್ಲಿ ಚಿಕಿತ್ಸೆ ಪಡೆದಿದ್ದಲ್ಲಿ
- 37 ವಾರಗಳಿಗೆ ಮೊದಲೇ ನೋವು ಕಾಣಿಸಿಕೊಂಡಲ್ಲಿ ಅಥವಾ ನೀರು ಹೋದಲ್ಲಿ

ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ ಪ್ರತಿ ತಿಂಗಳ 9ನೆಯ ತಾರೀಖಿನಂದು ಸರ್ಕಾರಿ ಆಸ್ಪತ್ರೆಗಳಲ್ಲಿ ನಡೆಯುವ ಉಚಿತ ತಪಾಸಣೆಯಲ್ಲಿ ಇಂತಹ ಅಪಾಯಗಳನ್ನು ಗುರುತಿಸಲಾಗುತ್ತದೆ. ಹೊಟ್ಟೆಯಲ್ಲಿರುವಾಗಲೇ ಶಿಶುವನ್ನು ಸಾಗಿಸುವುದು, ಹುಟ್ಟಿದ ಮೇಲೆ ಸಾಗಿಸುವುದಕ್ಕಿಂತ ಸುರಕ್ಷಿತ. ಆದುದರಿಂದ ಇಂತಹ ಗರ್ಭಿಣಿಯರು ನೋವು ಆರಂಭವಾಗುವವರೆಗೆ ಕಾಯದೆ ವೈದ್ಯರು ಸೂಚಿಸಿದ ಆಸ್ಪತ್ರೆಗೆ ಮೊದಲೇ ತೆರಳುವುದು.

ತವರುಮನೆಯಲ್ಲಿ ಹೆರಿಗೆಯಾಗುವವರಿಗೆ ವಿಶೇಷ ಸೂಚನೆ

ಉದಾಹರಣೆಗೆ ಲಕ್ಷ್ಮೇಶ್ವರದಲ್ಲಿ ವಾಸವಿರುವ ಗರ್ಭಿಣಿಯು ಹುಲಕೋಟಿಯ ತವರಿಗೆ ಬಂದಲ್ಲಿ, ಆಕೆಯ ತಪಾಸಣೆಯ ವಿವರ ಒಂದು ಕಡೆ ಮತ್ತು ಹೆರಿಗೆ ಇನ್ನೊಂದು ಕಡೆ ಆಗುತ್ತದೆ. ಇದರಿಂದ ಮನೆಭೇಟಿ ಮತ್ತು ಲಸಿಕೆ ಎರಡೂ ತಪ್ಪಿಹೋಗುವ ಸಂಭವವಿರುತ್ತದೆ. ಇದನ್ನು ತಪ್ಪಿಸಲು:

1. ತಾಯಿ ಕಾರ್ಡ್, ಸ್ಕ್ಯಾನಿಂಗ್ ವರದಿ ಮತ್ತು ರಕ್ತಪರೀಕ್ಷೆಯ ವರದಿಗಳನ್ನು ಮೂಲದಲ್ಲಿಯೇ ಜೊತೆಗೆ ಕೊಂಡೊಯ್ಯುವುದು.
2. ತವರಿಗೆ ಬಂದ ಒಂದು ವಾರದೊಳಗೆ ಅಲ್ಲಿಯ ಆಶಾ ಕಾರ್ಯಕರ್ತೆ ಮತ್ತು ಉಪಕೇಂದ್ರದ ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿಗೆ, ಅಂದರೆ ಜನರು ಸಿಸ್ಟರ್ ಎಂದು ಕರೆಯುವವರಿಗೆ, ವಿಷಯ ತಿಳಿಸುವುದು.
3. ತವರಿನಲ್ಲಿ ಒಬ್ಬ ಮತ್ತು ಗಂಡನ ಮನೆಯ ಊರಿನಲ್ಲಿ ಒಬ್ಬ ವೈದ್ಯರನ್ನು ಗೊತ್ತುಪಡಿಸಿಕೊಳ್ಳುವುದು. ಬಾಣಂತನ ಮುಗಿಸಿ ಮರಳುವಾಗ ಶಿಶುವಿನ ತೂಕ, ನೀಡಿದ ಔಷಧಿ ಮತ್ತು ಲಸಿಕೆಯ ದಾಖಲೆಯನ್ನು ಮುಂದಿನ ವೈದ್ಯರಿಗೆ ತೋರಿಸುವುದು.
4. ರಾತ್ರಿ ವೇಳೆಯಲ್ಲಿ ಶಿಶುವನ್ನು ಆಸ್ಪತ್ರೆಗೆ ಕರೆದೊಯ್ಯುವ ನಿರ್ಧಾರವನ್ನು ತವರಿನವರೇ ಕೈಗೊಳ್ಳಬಹುದೆಂದು ಎರಡೂ ಮನೆಯವರು ಮೊದಲೇ ಒಪ್ಪಿಕೊಂಡಿರುವುದು. ಗಂಡನ ಮನೆಯವರು ಬರಲಿ ಎಂದು ಕಾಯುವುದರಿಂದ ಅಮೂಲ್ಯವಾದ ಸಮಯ ವ್ಯರ್ಥವಾಗುತ್ತದೆ.

ಉಚಿತವಾಗಿ ದೊರೆಯುವ ಸೌಲಭ್ಯಗಳು

2011ರ ಜೂನ್ 1ರಂದು ಜಾರಿಗೆ ಬಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಗಳಲ್ಲಿ ಸಾಮಾನ್ಯ ಹೆರಿಗೆ, ಶಸ್ತ್ರಚಿಕಿತ್ಸೆಯ ಹೆರಿಗೆ ಮತ್ತು ಅನಾರೋಗ್ಯಪೀಡಿತ ಶಿಶುವಿನ ಚಿಕಿತ್ಸೆ ಉಚಿತವಾಗಿರುತ್ತದೆ. ಔಷಧಿ, ಪರೀಕ್ಷೆ, ರಕ್ತ ಹಾಗೂ ಸಾಗಾಣಿಕೆಯೂ ಇದರಲ್ಲಿ ಸೇರಿವೆ. ಆರಂಭದಲ್ಲಿ 30 ದಿನಗಳವರೆಗಿನ ಶಿಶುಗಳಿಗಿದ್ದ ಈ ಸೌಲಭ್ಯವನ್ನು ನಂತರ ಒಂದು ವರ್ಷದವರೆಗಿನ ಶಿಶುಗಳಿಗೂ ವಿಸ್ತರಿಸಲಾಯಿತು.

ಆಯುಷ್ಮಾನ್ ಭಾರತ-ಆರೋಗ್ಯ ಕರ್ನಾಟಕ ಯೋಜನೆಯಡಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ ಗರಿಷ್ಠ 5 ಲಕ್ಷ ರೂಪಾಯಿಗಳವರೆಗಿನ ಚಿಕಿತ್ಸೆಗೆ ಅವಕಾಶವಿದೆ. ಹೊಸದಾಗಿ ಹುಟ್ಟಿದ ಶಿಶುವಿನ ಹೆಸರು ಪಡಿತರ ಚೀಟಿಯಲ್ಲಿ ಇರುವುದಿಲ್ಲವಾದ ಕಾರಣ, ಬೇಕಾಗುವ ದಾಖಲೆಗಳ ಬಗ್ಗೆ ನೋಂದಾಯಿತ ಆಸ್ಪತ್ರೆಯ ಆರೋಗ್ಯ ಮಿತ್ರರನ್ನು ಹೆರಿಗೆಗೆ ಮೊದಲೇ ವಿಚಾರಿಸಿಕೊಳ್ಳುವುದು. ಹುಟ್ಟಿನಿಂದ ಬರುವ ದೋಷಗಳ ತಪಾಸಣೆ ಮತ್ತು ಚಿಕಿತ್ಸೆಗೆ 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವೂ ಇದೆ.

ಮೊದಲ ವರ್ಷದ ಲಸಿಕೆಗಳು

- ಜನನದ ಸಮಯ: ಬಿ.ಸಿ.ಜಿ., ಪೋಲಿಯೊ ಹನಿ, ಹೆಪಟೈಟಿಸ್-ಬಿ
- 6 ವಾರ: ಪೋಲಿಯೊ ಹನಿ, ಪೆಂಟಾವಲೆಂಟ್, ರೋಟಾ, ಪೋಲಿಯೊ ಚುಚ್ಚುಮದ್ದು, ಪಿ.ಸಿ.ವಿ.
- 10 ವಾರ: ಪೋಲಿಯೊ ಹನಿ, ಪೆಂಟಾವಲೆಂಟ್, ರೋಟಾ
- 14 ವಾರ: ಪೋಲಿಯೊ ಹನಿ, ಪೆಂಟಾವಲೆಂಟ್, ರೋಟಾ, ಪೋಲಿಯೊ ಚುಚ್ಚುಮದ್ದು, ಪಿ.ಸಿ.ವಿ.
- 9 ತಿಂಗಳು ತುಂಬಿದ ಮೇಲೆ: ದಡಾರ-ರುಬೆಲ್ಲಾ, ಪಿ.ಸಿ.ವಿ. ಬೂಸ್ಟರ್, ಪೋಲಿಯೊ ಚುಚ್ಚುಮದ್ದಿನ ಮೂರನೆಯ ಡೋಸ್, ವಿಟಮಿನ್-ಎ

ಇವು ಸರ್ಕಾರಿ ಕೇಂದ್ರಗಳಲ್ಲಿ ಸಂಪೂರ್ಣ ಉಚಿತ. ತವರಿನಲ್ಲಿ ಆರಂಭಿಸಿದ ಲಸಿಕೆಯನ್ನು ಗಂಡನ ಊರಿನಲ್ಲಿ ಮುಂದುವರಿಸಬಹುದು. ಮೊದಲಿನಿಂದ ಪುನಃ ಹಾಕಿಸಬೇಕಾಗಿಲ್ಲ.

ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕಾದ ಚಿಹ್ನೆಗಳು

- ಶಿಶು ಹಾಲು ಕುಡಿಯದಿರುವುದು ಅಥವಾ ಕುಡಿಯುವುದು ಬಹಳ ಕಡಿಮೆಯಾಗಿರುವುದು
- ನಿಮಿಷಕ್ಕೆ 60 ಅಥವಾ ಅದಕ್ಕಿಂತ ಹೆಚ್ಚು ಬಾರಿ ಉಸಿರಾಡುವುದು, ಎದೆ ಒಳಕ್ಕೆ ಸೆಳೆಯುವುದು
- ಮೈ ಬಿಸಿಯಾಗುವುದು ಅಥವಾ ತಣ್ಣಗಾಗುವುದು
- ಫಿಟ್ಸ್ ಬರುವುದು, ಮುಟ್ಟಿದರೂ ಚಲನೆ ಇಲ್ಲದಿರುವುದು
- ಅಂಗೈ, ಅಂಗಾಲುಗಳು ಹಳದಿಯಾಗುವುದು
- ಹೊಕ್ಕುಳದ ಸುತ್ತ ಕೆಂಪಾಗುವುದು ಅಥವಾ ಕೀವು ಬರುವುದು

ಇಂತಹ ಸಮಯದಲ್ಲಿ ಬರೆ ಹಾಕುವುದು, ಜೇನುತುಪ್ಪ ಅಥವಾ ಹರಳೆಣ್ಣೆ ಕುಡಿಸುವುದು, ಹೊಕ್ಕುಳಿಗೆ ಬೂದಿ ಹಚ್ಚುವುದು ಅಪಾಯಕಾರಿ. ದಾರಿಯಲ್ಲಿ ಶಿಶುವನ್ನು ತಾಯಿಯ ಎದೆಗೆ ಆನಿಸಿ, ತಲೆಗೆ ಕುಲಾಯಿ ಹಾಕಿ, ಬೆಚ್ಚಗೆ ಹೊದಿಸಿಕೊಂಡು ಬರುವುದು. ಶಿಶು ಕುಡಿಯುವ ಸ್ಥಿತಿಯಲ್ಲಿದ್ದರೆ ಎದೆಹಾಲು ಮುಂದುವರಿಸುವುದು.

ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆಯಾದರೆ ಖಾಸಗಿ ಮಕ್ಕಳ ವೈದ್ಯರಿಗೆ ತೋರಿಸಬಹುದೇ?
ಉತ್ತರ: ತೋರಿಸಬಹುದು. ಬಿಡುಗಡೆ ಪತ್ರ ಮತ್ತು ಲಸಿಕೆ ಕಾರ್ಡ್ ಜೊತೆಗಿರಬೇಕು.

ಪ್ರಶ್ನೆ: ಹೆರಿಗೆಯಾದ ಮರುದಿನವೇ ಮನೆಗೆ ಹೋಗಬಹುದೇ?
ಉತ್ತರ: ಸಾಮಾನ್ಯ ಹೆರಿಗೆಯ ನಂತರವೂ ಕನಿಷ್ಠ 48 ಗಂಟೆ ಆಸ್ಪತ್ರೆಯಲ್ಲಿರುವುದು ಅವಶ್ಯಕ. ಅನೇಕ ತೊಂದರೆಗಳು ಈ ಅವಧಿಯಲ್ಲಿಯೇ ಕಾಣಿಸಿಕೊಳ್ಳುತ್ತವೆ.

ಪ್ರಶ್ನೆ: ಗೊತ್ತುಪಡಿಸಿಕೊಂಡ ವೈದ್ಯರನ್ನು ಬದಲಿಸಬಹುದೇ?
ಉತ್ತರ: ಬದಲಿಸಬಹುದು. ಶಿಶುವಿನ ಎಲ್ಲ ದಾಖಲೆಗಳನ್ನು ಒಂದೇ ಕಡತದಲ್ಲಿ ಇರಿಸಿಕೊಂಡಲ್ಲಿ ಹೊಸ ವೈದ್ಯರಿಗೆ ಅನುಕೂಲವಾಗುತ್ತದೆ.

ಪ್ರಶ್ನೆ: ಜನನ ನೋಂದಣಿ ಯಾವಾಗ ಆಗಬೇಕು?
ಉತ್ತರ: 21 ದಿನಗಳೊಳಗೆ. ಹೆಸರಿಡುವ ಕಾರ್ಯ ಆಗದಿದ್ದರೂ ನೋಂದಣಿ ಮಾಡಿಸಬಹುದು. ಹೆಸರನ್ನು ನಂತರ ಸೇರಿಸಲು ಅವಕಾಶವಿದೆ.

ಸಿದ್ಧವಾಗಿ ಇರಿಸಿಕೊಳ್ಳಬೇಕಾದ ದಾಖಲೆಗಳು

ತಾಯಿ ಕಾರ್ಡ್, ಆಧಾರ್, ಪಡಿತರ ಚೀಟಿ, ತಾಯಿಯ ಬ್ಯಾಂಕ್ ಪಾಸ್ ಪುಸ್ತಕ, ರಕ್ತದ ಗುಂಪಿನ ವರದಿ ಹಾಗೂ ಸ್ಕ್ಯಾನಿಂಗ್ ವರದಿಗಳು. ಗೊತ್ತುಪಡಿಸಿಕೊಂಡ ವೈದ್ಯರು, ಆಶಾ ಕಾರ್ಯಕರ್ತೆ ಮತ್ತು ವಾಹನದವರ ದೂರವಾಣಿ ಸಂಖ್ಯೆಗಳನ್ನು ತಾಯಿ ಕಾರ್ಡ್‌ನ ಜೊತೆಗೆ ಬರೆದಿಟ್ಟು, ಮನೆಯಲ್ಲಿ ಎಲ್ಲರಿಗೂ ಕಾಣುವ ಸ್ಥಳದಲ್ಲಿಯೂ ಅಂಟಿಸುವುದು.

ಸಂಪರ್ಕ

ತುರ್ತು ವಾಹನಕ್ಕಾಗಿ 108ಕ್ಕೆ ಹಾಗೂ ಆರೋಗ್ಯ ಸಲಹೆ ಮತ್ತು ದೂರುಗಳಿಗಾಗಿ 104ಕ್ಕೆ ಉಚಿತವಾಗಿ ಕರೆ ಮಾಡಬಹುದು. ಹೆಚ್ಚಿನ ಮಾಹಿತಿಗಾಗಿ ತಮ್ಮ ವ್ಯಾಪ್ತಿಯ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗಳನ್ನು ಅಥವಾ ತಾಲ್ಲೂಕು ಆರೋಗ್ಯಾಧಿಕಾರಿಗಳನ್ನು ಸಂಪರ್ಕಿಸುವುದು.