ಅಂಗೈ ಮೇಲಿನ ಡೈನೋಸಾರ್: ತಪ್ಪು ಯಾವುದು, ಕಾಲದ ತಿಳಿವು ಯಾವುದು

ಲಂಡನ್ನಿನ ಸಿಡನ್‌ಹ್ಯಾಮ್‌ನಲ್ಲಿರುವ ಕ್ರಿಸ್ಟಲ್ ಪ್ಯಾಲೇಸ್ ಉದ್ಯಾನದಲ್ಲಿ ಎರಡು ಇಗ್ವಾನೊಡಾನ್‌ಗಳಿವೆ. ಡೈನೋಸಾರ್‌ಗಳನ್ನು ನಿಜ ಗಾತ್ರದಲ್ಲಿ ಕಟ್ಟಿ ನಿಲ್ಲಿಸಿದ ಮೊತ್ತಮೊದಲ ಪ್ರಯತ್ನವಿದು. ಜನರ ನೋಟಕ್ಕೆ ತೆರೆದದ್ದು 1854ರಲ್ಲಿ. ಒಂದು ಇಗ್ವಾನೊಡಾನ್‌ಗೆ 600 ಇಟ್ಟಿಗೆ, 650 ಚರಂಡಿ ಹೆಂಚು, 900 ಸಾದಾ ಹೆಂಚು, 38 ಪೀಪಾಯಿ ಸಿಮೆಂಟು, 90 ಪೀಪಾಯಿ ಕಲ್ಲುಚೂರು ಹಿಡಿಯಿತೆಂದು ಶಿಲ್ಪಿ ಬೆಂಜಮಿನ್ ವಾಟರ್‌ಹೌಸ್ ಹಾಕಿನ್ಸ್ ಲೆಕ್ಕ ಕೊಟ್ಟಿದ್ದರು. ಆದರೆ ಈ ದೈತ್ಯ ಪ್ರತಿಮೆಗಳಿಗಿಂತ ಮೊದಲು ಹುಟ್ಟಿದ್ದು ಮೇಜಿನ ಮೇಲೆ ನಿಲ್ಲುವಷ್ಟು ಚಿಕ್ಕ ಮಾದರಿಗಳು. ಹಾಕಿನ್ಸ್ ಪ್ರತಿಯೊಂದು ಪ್ರಾಣಿಯನ್ನೂ ಮೊದಲು ಸಣ್ಣ ಅಳತೆಯಲ್ಲಿ ರೂಪಿಸಿ, 1842ರಲ್ಲಿ ‘ಡೈನೋಸಾರಿಯ’ ಎಂಬ ಹೆಸರನ್ನಿಟ್ಟ ರಿಚರ್ಡ್ ಓವೆನ್ ಅವರಿಗೆ ತೋರಿಸುತ್ತಿದ್ದರು. ಅವರು ಸರಿಯೆಂದ ಮೇಲೆಯೇ ಅದನ್ನು ದೊಡ್ಡದಾಗಿ ಕಟ್ಟಿದ್ದಾಗಿ ಹಾಕಿನ್ಸ್ ಹೇಳಿದ್ದರು.

ಆ ಪುಟ್ಟ ಮಾದರಿಗಳು ಮುಂದೆ ಮಾರಾಟಕ್ಕೂ ಬಂದವು. ನಿಜ ಪ್ರಾಣಿಯ ಒಂದಡಿಗೆ ಮಾದರಿಯಲ್ಲಿ ಒಂದಂಗುಲ, ಅಂದರೆ 12ಕ್ಕೆ 1ರ ಅಳತೆ. ಲಂಡನ್ನಿನಲ್ಲಿ ಜೇಮ್ಸ್ ಟೆನ್ನಂಟ್, ಅಮೆರಿಕದ ರಾಚೆಸ್ಟರ್‌ನಲ್ಲಿ ಹೆನ್ರಿ ವಾರ್ಡ್ ಇವುಗಳನ್ನು ಮಾರುತ್ತಿದ್ದರು. ಕೊಳ್ಳುತ್ತಿದ್ದವರು ಹೆಚ್ಚಾಗಿ ಕಾಲೇಜುಗಳು, ಮ್ಯೂಸಿಯಂಗಳು. ಇಂದು ಅಂಗೈಯಗಲದ ಟಿರಾನೊಸಾರಸ್ ಒಂದಕ್ಕಾಗಿ ವರ್ಷಗಟ್ಟಲೆ ಕಾಯುವ ಸಂಗ್ರಾಹಕರ ವಂಶವೃಕ್ಷ ಇಲ್ಲಿಂದ ಶುರುವಾಗುತ್ತದೆ.

ಸಂಗ್ರಾಹಕರ ವಾದವಿವಾದಗಳಿಗೂ ಮೊದಲ ವಸ್ತು ಒದಗಿಸಿದ್ದು ಹಾಕಿನ್ಸ್ ಅವರ ಇಗ್ವಾನೊಡಾನ್. ಅದರ ಮೂಗಿನ ಮೇಲೆ ಖಡ್ಗಮೃಗದಂಥ ಕೊಂಬಿದೆ, ನಾಲ್ಕು ಕಾಲುಗಳೂ ಕಂಬದಂತಿವೆ. 1878ರಲ್ಲಿ ಬೆಲ್ಜಿಯಂನ ಬೆರ್ನಿಸಾರ್ ಕಲ್ಲಿದ್ದಲ ಗಣಿಯಲ್ಲಿ, 300 ಮೀಟರಿಗೂ ಹೆಚ್ಚು ಆಳದಲ್ಲಿ, ಇಗ್ವಾನೊಡಾನ್‌ಗಳ ಅಸ್ಥಿಪಂಜರಗಳು ಗುಂಪು ಗುಂಪಾಗಿ ಸಿಕ್ಕವು. ಹಲವು ಹೆಚ್ಚುಕಡಿಮೆ ಪೂರ್ತಿಯಾಗಿದ್ದವು. ಅವನ್ನು ಅಭ್ಯಾಸ ಮಾಡಿದ ಲೂಯಿ ಡೊಲ್ಲೊ, ಮೂಗಿನ ಮೇಲೆ ಕೂರಿಸಿದ್ದ ಆ ಮೂಳೆ ನಿಜಕ್ಕೂ ಕೈಯ ಹೆಬ್ಬೆರಳಿನದು ಎಂಬುದನ್ನು ಖಚಿತಪಡಿಸಿದರು. ಹಾಕಿನ್ಸ್ ಅವರ ಕೊಂಬು ಒಮ್ಮೆಲೇ ಹಳೆಯದಾಯಿತು. ಅದನ್ನು ತಪ್ಪು ಎಂದು ಕರೆಯುವ ಮೊದಲು ಒಂದು ಮಾತು ನೆನಪಿರಬೇಕು. 1854ರಲ್ಲಿ ಅವರ ಮುಂದಿದ್ದದ್ದು ಬಿಡಿ ಮೂಳೆಗಳು, ಹಲ್ಲುಗಳು, ಪೂರ್ತಿಯಲ್ಲದ ಪಳೆಯುಳಿಕೆಗಳು. ಅಷ್ಟರಿಂದ ಅಂದಿನ ಅತ್ಯುತ್ತಮ ಶರೀರರಚನಾ ತಜ್ಞರು ಏನು ಹೇಳಬಹುದಿತ್ತೋ ಅದನ್ನೇ ಶಿಲ್ಪಿ ಸಿಮೆಂಟಿನಲ್ಲಿ ಹೇಳಿದರು. ಮಾದರಿಯ ನಿಖರತೆಯನ್ನು ಅದು ಹುಟ್ಟಿದ ಇಸವಿಯ ಜೊತೆಗಿಟ್ಟು ತೂಗಬೇಕು. ಹಾಗೆ ತೂಗಿದರೆ ಹಾಕಿನ್ಸ್ ಗೆಲ್ಲುತ್ತಾರೆ.

ತೂಗುವುದು ಎಂಬ ಮಾತನ್ನು ಅಕ್ಷರಶಃ ಮಾಡಿ ತೋರಿಸಿದವರೂ ಇದ್ದಾರೆ. ಗೊಂಬೆಯ ಹೊಟ್ಟೆ ಅರ್ಧ ಇಂಚು ದಪ್ಪವಾದರೆ ಯಾರಿಗೇನು ನಷ್ಟ ಎಂದು ಕೇಳುವವರು ಈ ಕಥೆಯನ್ನು ಓದಬೇಕು. 1905ರಲ್ಲಿ ನ್ಯೂಯಾರ್ಕಿನ ವಿಜ್ಞಾನಿ ಡಬ್ಲ್ಯು. ಕೆ. ಗ್ರೆಗರಿ, ಕಲಾವಿದ ಚಾರ್ಲ್ಸ್ ನೈಟ್ ಮಾಡಿದ್ದ ಬ್ರಾಂಟೊಸಾರಸ್ ಮಾದರಿಯ ಗಾತ್ರದಿಂದ ನಿಜ ಪ್ರಾಣಿಯ ತೂಕವನ್ನು ಲೆಕ್ಕ ಹಾಕಿದರು. 1962ರಲ್ಲಿ ಎಡ್ವಿನ್ ಕೋಲ್ಬರ್ಟ್ ಹಲವು ಮಾದರಿಗಳನ್ನು ಮರಳಿನಲ್ಲಿ ಹೂತು, ಎಷ್ಟು ಮರಳು ಪಕ್ಕಕ್ಕೆ ಸರಿಯಿತೆಂದು ಅಳೆದರು. 1985ರಲ್ಲಿ ಇಂಗ್ಲೆಂಡಿನ ಆರ್. ಮೆಕ್‌ನೀಲ್ ಅಲೆಕ್ಸಾಂಡರ್ ಕೈಗೆತ್ತಿಕೊಂಡದ್ದು ಬ್ರಿಟಿಷ್ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನ ಹೆಸರಿನಲ್ಲಿ ಮಾರಾಟವಾಗುತ್ತಿದ್ದ ಪ್ಲಾಸ್ಟಿಕ್ ಡೈನೋಸಾರ್‌ಗಳನ್ನು. ಅಂಗಡಿಯಲ್ಲಿ ಮಕ್ಕಳು ಕೊಳ್ಳುತ್ತಿದ್ದವೇ ಅವು. ಟಿರಾನೊಸಾರಸ್ ಸುಮಾರು 7.4 ಟನ್, ಬ್ರಾಕಿಯೊಸಾರಸ್ ಸುಮಾರು 47 ಟನ್ ಎಂದು ಅವರ ಲೆಕ್ಕ ಬಂತು. ಅದೇ ಬ್ರಾಕಿಯೊಸಾರಸ್‌ಗೆ ಕೋಲ್ಬರ್ಟ್ ಕೊಟ್ಟಿದ್ದ ತೂಕ 78 ಟನ್!

ಒಂದೇ ಪ್ರಾಣಿಗೆ ಸುಮಾರು 30 ಟನ್ನುಗಳ ವ್ಯತ್ಯಾಸ ಎಲ್ಲಿಂದ ಬಂತು? ಮುಖ್ಯವಾಗಿ ಮಾದರಿಯಿಂದ. ಉದ್ದ, ಅಗಲ, ಎತ್ತರ ಮೂರರಲ್ಲೂ ಮಾದರಿ ನೂರಕ್ಕೆ ಹತ್ತರಷ್ಟು ದೊಡ್ಡದಾದರೆ ಗಾತ್ರ ನೂರಕ್ಕೆ 33ರಷ್ಟು ಹಿಗ್ಗುತ್ತದೆ. 40ಕ್ಕೆ 1ರ ಅಳತೆಯ ಮಾದರಿಯಲ್ಲಿ ಒಂದು ಚಮಚದಷ್ಟು ಹೆಚ್ಚುವರಿ ಹೊಟ್ಟೆ, ನಿಜ ಪ್ರಾಣಿಯಲ್ಲಿ 64,000 ಚಮಚ. ಶಿಲ್ಪಿಯ ಹೆಬ್ಬೆರಳು ಜೇಡಿಮಣ್ಣನ್ನು ಒತ್ತಿದ ಬಗೆ ಹೀಗೆ ನೇರವಾಗಿ ವಿಜ್ಞಾನದ ಕೋಷ್ಟಕದೊಳಗೆ ಹೋಗಿ ಕೂರುತ್ತಿತ್ತು. ಈಗ ಅಸ್ಥಿಪಂಜರವನ್ನು ಲೇಸರ್‌ನಿಂದ ಸ್ಕ್ಯಾನ್ ಮಾಡಿ ಕಂಪ್ಯೂಟರಿನಲ್ಲಿ ಮೈತುಂಬುತ್ತಾರೆ. ಹಕ್ಕಿಗಳಿಗಿರುವಂಥ ಗಾಳಿಚೀಲಗಳನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ. ಆದರೂ ಎಷ್ಟು ಮಾಂಸ ತುಂಬಬೇಕು ಎಂಬ ಪ್ರಶ್ನೆ ಹಾಗೆಯೇ ಇದೆ.

ಅಲೆಕ್ಸಾಂಡರ್ ಆ ಪ್ಲಾಸ್ಟಿಕ್ ಗೊಂಬೆಗಳನ್ನು ನಂಬಲು ಕಾರಣವಿತ್ತು. ಅವನ್ನು ಮಾಡಿದ್ದು ಲೆಸ್ಟರ್ ಬಳಿಯ ಇನ್‌ವಿಕ್ಟಾ ಪ್ಲಾಸ್ಟಿಕ್ಸ್, ‘ಮಾಸ್ಟರ್‌ಮೈಂಡ್’ ಎಂಬ ಗುಂಡುಮೊಳೆಯ ಆಟವನ್ನು ಲೋಕಕ್ಕೆಲ್ಲ ಹಂಚಿದ ಕಂಪನಿ. 1974ರಿಂದ ಮ್ಯೂಸಿಯಂನ ತಜ್ಞರ ಸಲಹೆಯೊಂದಿಗೆ ಒಂದೊಂದಾಗಿ ಬಂದ ಈ ಮಾದರಿಗಳಿಗೆ ಮೊದಮೊದಲು ಒಂದೇ ಬಣ್ಣ. ಸಂಗ್ರಾಹಕರು ಈಗಲೂ ಅವನ್ನು ಗೌರವದಿಂದ ಎತ್ತಿಡಲು ಈ ಸಂಯಮವೂ ಒಂದು ಕಾರಣ: ಬಣ್ಣ ಗೊತ್ತಿರಲಿಲ್ಲ, ಆದ್ದರಿಂದ ಬಣ್ಣ ಬಳಿಯಲಿಲ್ಲ.

ಅದಕ್ಕೂ ಮುಂಚಿನ ಎರಡು ದಶಕಗಳ ಆಟಿಕೆಗಳ ಚರಿತ್ರೆ ಬೇರೆ. ಯೇಲ್ ವಿಶ್ವವಿದ್ಯಾಲಯದ ಪೀಬಾಡಿ ಮ್ಯೂಸಿಯಂನ ಗೋಡೆಯ ಮೇಲೆ ರುಡಾಲ್ಫ್ ಜಾಲಿಂಗರ್ 1947ರಲ್ಲಿ ಮುಗಿಸಿದ 110 ಅಡಿ ಉದ್ದದ ಚಿತ್ರವನ್ನು 1953ರಲ್ಲಿ ‘ಲೈಫ್’ ಪತ್ರಿಕೆ ಮನೆಮನೆಗೆ ತಲುಪಿಸಿತು. ಅದರ ಬೆನ್ನಿಗೇ ಅಮೆರಿಕದ ಮಾರ್ಕ್ಸ್ ಕಂಪನಿಯ ಅಗ್ಗದ ಪ್ಲಾಸ್ಟಿಕ್ ಡೈನೋಸಾರ್‌ಗಳು ಅಂಗಡಿಗೆ ಬಂದವು. ಜಾಲಿಂಗರ್ ಬಿಡಿಸಿದ್ದ ಡೊಳ್ಳುಹೊಟ್ಟೆ, ನೆಲಕ್ಕೆ ಎಳೆಯುವ ಬಾಲ, ನೆಟ್ಟಗೆ ನಿಂತ ಭಂಗಿ ಇವುಗಳಲ್ಲೂ ಇಳಿದವು. ನಂತರ ಒಂದು ಆಟಿಕೆಯನ್ನು ನೋಡಿ ಇನ್ನೊಂದನ್ನು ಮಾಡುವ ಕಾಲ ಬಂತು. ನಕಲಿನ ನಕಲಾಗುತ್ತಾ ಹೋದ ಹಾಂಗ್‌ಕಾಂಗ್ ಪೊಟ್ಟಣಗಳಲ್ಲಿ ಯಾವ ಪಳೆಯುಳಿಕೆಗೂ ಸಂಬಂಧವಿಲ್ಲದ ಜೀವಿಗಳು ಡೈನೋಸಾರ್ ಎಂಬ ಹೆಸರಿನಲ್ಲಿ ಬಂದವು. ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಟವನ್ನು ರೂಪಿಸಿದವರಲ್ಲೊಬ್ಬರಾದ ಗ್ಯಾರಿ ಗೈಗ್ಯಾಕ್ಸ್ ಅಂಥ ಗೊಂಬೆಗಳನ್ನೇ ನೋಡಿ ತಮ್ಮ ಆಟಕ್ಕೆ ಕೆಲವು ರಾಕ್ಷಸರನ್ನು ಕಲ್ಪಿಸಿಕೊಂಡರು. ಕಲ್ಪನೆಗೆ ಅದು ಒಳ್ಳೆಯ ಬೀಜವೇ ಆಯಿತು, ಮಕ್ಕಳ ಪ್ರಾಣಿಜ್ಞಾನಕ್ಕಲ್ಲ.

1988ರಲ್ಲಿ ಸಫಾರಿ ಕಂಪನಿ ಪಿಟ್ಸ್‌ಬರ್ಗಿನ ಕಾರ್ನೆಗಿ ಮ್ಯೂಸಿಯಂ ಜೊತೆ ಸೇರಿ ತಂದ ಕಾರ್ನೆಗಿ ಮಾಲಿಕೆ, 1994ರಲ್ಲಿ ಬಾಸ್ಟನ್ನಿನ ಮ್ಯೂಸಿಯಂ ಆಫ್ ಸೈನ್ಸ್‌ಗಾಗಿ ಬಟ್ಟಾಟ್ ಕಂಪನಿ ತಂದ ಮಾಲಿಕೆ ಈ ಸರಪಳಿಯನ್ನು ಕಡಿದವು. ಎರಡಕ್ಕೂ ಬಹುಮಟ್ಟಿಗೆ 40ಕ್ಕೆ 1ರ ಅಳತೆ. ಆದ್ದರಿಂದ ಕಪಾಟಿನಲ್ಲಿ ಅಕ್ಕಪಕ್ಕ ನಿಲ್ಲಿಸಿದರೆ ಯಾವುದು ಎಷ್ಟು ದೊಡ್ಡದಿತ್ತೆಂದು ಕಣ್ಣಿಗೇ ತಿಳಿಯುತ್ತದೆ. ಬಟ್ಟಾಟ್ ಮಾದರಿಗಳು ಅಂಗಡಿಯಲ್ಲಿ ಹೆಚ್ಚು ಕಾಲ ಉಳಿಯಲಿಲ್ಲ. ಅವುಗಳ ಶಿಲ್ಪಿಗಳಾದ ಡ್ಯಾನ್ ಲೋರುಸ್ಸೊ ಮತ್ತು ಗ್ರೆಗರಿ ವೆನ್ಜೆಲ್ ಅವರ ಹೆಸರು ಮಾತ್ರ ಸಂಗ್ರಾಹಕರ ಬಾಯಲ್ಲಿ ಉಳಿಯಿತು. ಕಾರ್ನೆಗಿ ಮಾಲಿಕೆ 2015ರವರೆಗೆ ನಡೆಯಿತು.

ಎಷ್ಟೇ ಶ್ರದ್ಧೆಯಿದ್ದರೂ ಪ್ಲಾಸ್ಟಿಕ್ಕಿಗೆ ತನ್ನದೇ ಹಟವಿದೆ. ಟಿರಾನೊಸಾರಸ್ ತನ್ನ ಬೆನ್ನು, ಬಾಲಗಳನ್ನು ನೆಲಕ್ಕೆ ಸಮಾನಾಂತರವಾಗಿ ಚಾಚಿ ಎರಡೇ ಕಾಲಿನ ಮೇಲೆ ತೂಗುತ್ತಾ ನಡೆಯುತ್ತಿತ್ತು ಎಂಬುದು 1970ರ ದಶಕದಿಂದೀಚೆಗೆ ಗಟ್ಟಿಯಾದ ತಿಳಿವಳಿಕೆ. ಮೆದು ಪ್ಲಾಸ್ಟಿಕ್ಕಿನ ಮಾದರಿ ಹಾಗೆ ನಿಂತರೆ ಬೇಸಿಗೆಯ ಶಾಖಕ್ಕೆ ಕಾಲು ಬಗ್ಗಿ ಮುಂದಕ್ಕೆ ಬೀಳುತ್ತದೆ. ಆದ್ದರಿಂದ ತಯಾರಕರು ಬಾಲವನ್ನು ಮೂರನೆಯ ಕಾಲಾಗಿ ನೆಲಕ್ಕೂರಿಸುತ್ತಾರೆ, ಇಲ್ಲವೇ ಪಾದಗಳನ್ನು ಹಿಗ್ಗಿಸುತ್ತಾರೆ. ಪಾರದರ್ಶಕ ಕಡ್ಡಿಯೊಂದನ್ನು ಆಸರೆಗೆ ಕೊಟ್ಟು ಪಾದವನ್ನು ಸರಿಯಾದ ಅಳತೆಯಲ್ಲೇ ಉಳಿಸಿಕೊಳ್ಳುವ ತಯಾರಕರೂ ಇದ್ದಾರೆ. ಮೆಚ್ಚುಗೆ ಸಲ್ಲಬೇಕಾದದ್ದು ಅವರಿಗೆ.

ಉಳಿದ ಪರೀಕ್ಷೆಗಳಿಗೆ ಎರಡು ಕಣ್ಣು ಸಾಕು. ಟಿರಾನೊಸಾರಸ್‌ನ ಕೈಗೆ ಎರಡು ಬೆರಳು, ಅಲೋಸಾರಸ್‌ಗೆ ಮೂರು. ಅಂಗೈಗಳು ಚಪ್ಪಾಳೆ ತಟ್ಟುವಂತೆ ಒಂದಕ್ಕೊಂದು ಎದುರಾಗಿರಬೇಕು. ನೆಲ ನೋಡುತ್ತಿದ್ದರೆ ಮಣಿಕಟ್ಟು ಮುರಿದಂತೆಯೇ ಸರಿ. ಡಿಪ್ಲೊಡೊಕಸ್‌ನ ಮುಂಗಾಲಿನಲ್ಲಿ ಹೆಬ್ಬೆರಳಿಗೆ ಮಾತ್ರ ಉಗುರು. ಆನೆಯ ಕಾಲಿನಂತೆ ಸುತ್ತಲೂ ಉಗುರು ಕೂರಿಸಿದ್ದರೆ ಶಿಲ್ಪಿ ಮೂಳೆ ನೋಡಿಲ್ಲ, ಆನೆ ನೋಡಿದ್ದಾರೆ. ಮೂಳೆಯೇ ಸಿಗದ ಭಾಗದಲ್ಲಿ ಊಹೆ ಅನಿವಾರ್ಯ. ಗೋದಾವರಿ ಕಣಿವೆಯಲ್ಲಿ ಸಿಕ್ಕ, ರವೀಂದ್ರನಾಥ ಟ್ಯಾಗೋರರ ಹೆಸರು ಹೊತ್ತ ಬರಾಪಾಸಾರಸ್ ಟ್ಯಾಗೋರೈಗೆ ತಲೆಬುರುಡೆ ಸಿಕ್ಕಿಲ್ಲ. ಅದರ ಯಾವ ಮಾದರಿಯ ತಲೆಯೂ ಬಂಧುಪ್ರಾಣಿಗಳಿಂದ ಎರವಲು ತಂದದ್ದೇ.

ಕಾಲ ಮತ್ತು ನಿಖರತೆಯ ಈ ನಂಟನ್ನು ಸ್ಪೈನೊಸಾರಸ್‌ನಷ್ಟು ಚೆನ್ನಾಗಿ ತೋರಿಸುವ ಪ್ರಾಣಿ ಇನ್ನೊಂದಿಲ್ಲ. ಈಜಿಪ್ಟಿನ ಬಹರಿಯಾ ಓಯಸಿಸ್‌ನಲ್ಲಿ 1912ರಲ್ಲಿ ಸಿಕ್ಕ ಅದರ ಮೂಳೆಗಳನ್ನು ಜರ್ಮನಿಯ ಅರ್ನ್‌ಸ್ಟ್ ಸ್ಟ್ರೋಮರ್ 1915ರಲ್ಲಿ ವಿವರಿಸಿದರು. 1944ರ ಏಪ್ರಿಲ್‌ನಲ್ಲಿ ಮ್ಯೂನಿಕ್ ಮೇಲೆ ನಡೆದ ಬಾಂಬ್ ದಾಳಿಯಲ್ಲಿ ಆ ಮೂಳೆಗಳು ನಾಶವಾದವು. ಮುಂದಿನ ಹಲವು ದಶಕ ಶಿಲ್ಪಿಗಳಿಗೆ ದಕ್ಕಿದ್ದು ಬಹುಮಟ್ಟಿಗೆ ಸ್ಟ್ರೋಮರ್ ಬಿಟ್ಟುಹೋದ ಚಿತ್ರಗಳು. ಮಾಮೂಲಿ ಬೇಟೆಗಾರ ಡೈನೋಸಾರ್ ಒಂದಕ್ಕೆ ಬೆನ್ನಿನ ಮೇಲೆ ಹಾಯಿ ಏರಿಸಿ ಅವರು ಸ್ಪೈನೊಸಾರಸ್ ಮಾಡಿದರು. 2014ರಲ್ಲಿ ನಿಜಾರ್ ಇಬ್ರಾಹಿಂ ಮತ್ತು ಸಂಗಡಿಗರು ಮೊರಾಕೊದ ಹೊಸ ಮೂಳೆಗಳ ಆಧಾರದಲ್ಲಿ ಅದರ ಹಿಂಗಾಲು ಗಿಡ್ಡ ಎಂದರು. 2020ರಲ್ಲಿ ಅದೇ ತಂಡ ದೋಣಿಯ ಹುಟ್ಟಿನಂತೆ ಅಗಲವಾದ ಬಾಲವನ್ನು ತೋರಿಸಿತು. ಒಬ್ಬ ಸಂಗ್ರಾಹಕನ ಕಪಾಟಿನಲ್ಲಿ ಈ ಮೂರೂ ಕಾಲದ ಸ್ಪೈನೊಸಾರಸ್‌ಗಳಿದ್ದರೆ, ಯಾವುದನ್ನೂ ಎಸೆಯಬೇಕಿಲ್ಲ. ಮೂರೂ ತಮ್ಮ ತಮ್ಮ ವರ್ಷಕ್ಕೆ ಪ್ರಾಮಾಣಿಕವಾಗಿವೆ.

ಈಗ ಮಾಡುವ ವೆಲಾಸಿರ್ಯಾಪ್ಟರ್‌ಗೆ ಈ ವಿನಾಯಿತಿ ಸಲ್ಲದು. 1996ರಲ್ಲಿ ಚೀನಾದ ಲಿಯಾವೊನಿಂಗ್‌ನಿಂದ ಸೈನೊಸಾರೊಪ್ಟೆರಿಕ್ಸ್ ತನ್ನ ನವಿರಾದ ಎಳೆಪುಕ್ಕಗಳೊಂದಿಗೆ ಬೆಳಕಿಗೆ ಬಂತು. 2007ರಲ್ಲಿ ವೆಲಾಸಿರ್ಯಾಪ್ಟರ್‌ನ ಮುಂಗೈ ಮೂಳೆಯ ಮೇಲೆಯೇ ರೆಕ್ಕೆಗರಿಗಳು ಅಂಟಿಕೊಂಡಿದ್ದ ಗುಬುಟುಗಳು ಕಂಡವು. 2010ರಲ್ಲಿ ಸೈನೊಸಾರೊಪ್ಟೆರಿಕ್ಸ್‌ನ ಬಾಲದ ಕೆಂಗಂದು ಪಟ್ಟೆಗಳನ್ನೂ ವಿಜ್ಞಾನಿಗಳು ಗುರುತಿಸಿದರು. 1993ರ ‘ಜುರಾಸಿಕ್ ಪಾರ್ಕ್’ ಆಟಿಕೆಗಳಿಗೆ ಗರಿಯಿಲ್ಲದಿದ್ದರೆ ಕ್ಷಮೆಯಿದೆ. ಗೊತ್ತಾದ ಮೇಲೂ ಸಿನಿಮಾದ ರೂಪ ಮಾರಾಟವಾಗುತ್ತದೆಂಬ ಒಂದೇ ಕಾರಣಕ್ಕೆ ಬೋಳು ಮೈಯ, ಆಳೆತ್ತರದ ವೆಲಾಸಿರ್ಯಾಪ್ಟರ್ ಮಾಡಿ ಅದಕ್ಕೆ ವೈಜ್ಞಾನಿಕ ಹೆಸರು ಹಚ್ಚುವುದು ಮಕ್ಕಳಿಗೆ ಮಾಡುವ ಮೋಸ. ನಿಜವಾದ ವೆಲಾಸಿರ್ಯಾಪ್ಟರ್ ಎತ್ತರದಲ್ಲಿ ಟರ್ಕಿ ಕೋಳಿಯ ಆಸುಪಾಸಿನದು.

ತಯಾರಕರಿಂದ ಕೇಳಬೇಕಾದದ್ದು ದೊಡ್ಡದೇನಲ್ಲ. ಡಬ್ಬಿಯ ಮೇಲೆ ಮೂರು ವಿವರ ಅಚ್ಚಾಗಲಿ: ಮಾದರಿಯ ಅಳತೆ, ಅದನ್ನು ರೂಪಿಸಿದ ವರ್ಷ, ಯಾವ ಪಳೆಯುಳಿಕೆ ಆಧಾರ ಎಂಬುದು. ಮಗುವಿಗೆಂದು ಡೈನೋಸಾರ್ ಕೊಳ್ಳುವವರು ಅಂಗಡಿಯಲ್ಲೇ ಅದನ್ನು ಮಗುಚಿ, ಹೊಟ್ಟೆಯಡಿ ಹೆಸರೂ ಇಸವಿಯೂ ಇವೆಯೇ ನೋಡಲಿ, ಮಗುವಿನ ಜೊತೆ ಕೂತು ಬೆರಳು ಎಣಿಸಲಿ.