ಹಾಡುವ ಕಂಠ, ಆಡಿಸುವ ಕಂಠ



ನಿಮ್ಮ ಮೆಚ್ಚಿನ ಗಾಯಕರು ಯಾರು ಎಂದು ಕೇಳಿದರೆ ನೀವು ತಡಮಾಡದೆ ನಾಲ್ಕಾರು ಹೆಸರು ಹೇಳುತ್ತೀರಿ. ಸಿನಿಮಾದ ಹಿನ್ನೆಲೆ ಗಾಯಕರು, ಭಾವಗೀತೆ ಹಾಡುವವರು, ದಾಸರ ಪದಗಳನ್ನು ಮನೆಮನೆಗೆ ಮುಟ್ಟಿಸಿದ ಪುತ್ತೂರು ನರಸಿಂಹ ನಾಯಕರಂಥವರು ಆ ಪಟ್ಟಿಯಲ್ಲಿ ಇದ್ದಾರು. ಆದರೆ ‘ಏಕೆ ಮೆಚ್ಚು?’ ಎಂಬ ಎರಡನೆಯ ಪ್ರಶ್ನೆಗೆ ಉತ್ತರ ಅಷ್ಟು ಬೇಗ ಬಾರದು. ‘ಸ್ವರ ಚೆನ್ನಾಗಿದೆ’ ಎಂದಷ್ಟೇ ಹೇಳಿ ಸುಮ್ಮನಾಗುತ್ತೇವೆ. ಸ್ವರ ಚೆನ್ನಾಗಿರುವವರು ಊರಿಗೆ ಹತ್ತು ಮಂದಿ ಇರುತ್ತಾರೆ. ಅವರೆಲ್ಲರೂ ದೊಡ್ಡ ಗಾಯಕರಾಗುವುದಿಲ್ಲವಲ್ಲ!

ಈ ಎರಡನೆಯ ಪ್ರಶ್ನೆಯನ್ನು ಪುತ್ತೂರು, ಸುಳ್ಯ, ಕಡಬದ ಕಡೆಯ ಜನ ತಲೆಮಾರುಗಳಿಂದ ಚರ್ಚಿಸುತ್ತ ಬಂದಿದ್ದಾರೆ. ರಾತ್ರಿಯಿಡೀ ಆಟ ನೋಡಿ, ಬೆಳಕು ಹರಿಯುವಾಗ ಗದ್ದೆಯ ಹುಣಿಯ ಮೇಲೆ ಮನೆಗೆ ನಡೆಯುತ್ತ ಅವರು ಆಡುತ್ತಿದ್ದ ಮಾತು ಬಹುಮಟ್ಟಿಗೆ ಇದೇ: ‘ಇವತ್ತು ಭಾಗವತರದು ಹೇಗಾಯಿತು?’ ಆ ನಾಡಿನಲ್ಲಿ ಗಾಯಕನೆಂದರೆ ಮೊದಲು ನೆನಪಾಗುವವನು ಯಕ್ಷಗಾನದ ಭಾಗವತ. ಅಲ್ಲಿನ ಕೆಲವು ಕಂಠಗಳ ಚರಿತ್ರೆಯನ್ನು ನೋಡಿದರೆ ನಮ್ಮ ಪ್ರಶ್ನೆಗೆ ಒಂದು ಒಳ್ಳೆಯ ಉತ್ತರ ದೊರೆಯುತ್ತದೆ.

ಮೊದಲನೆಯ ವೇಷಧಾರಿ

ಯಕ್ಷಗಾನದ ಪ್ರಸಂಗವನ್ನು ತೆರೆದು ನೋಡಿ. ಅದರಲ್ಲಿ ಇರುವುದು ಪದ್ಯಗಳು ಮಾತ್ರ. ಸಂಭಾಷಣೆ ಬರೆದಿರುವುದಿಲ್ಲ. ಭಾಗವತ ಪದ್ಯ ಹಾಡುತ್ತಾನೆ, ವೇಷಧಾರಿ ಅದಕ್ಕೆ ಕುಣಿಯುತ್ತಾನೆ, ಬಳಿಕ ಆ ಪದ್ಯದ ಅರ್ಥವನ್ನು ಸ್ವಂತ ಮಾತಿನಲ್ಲಿ, ಆಗಿಂದಾಗಲೇ ಕಟ್ಟಿ ಹೇಳುತ್ತಾನೆ. ಯಾವ ಪದ್ಯವನ್ನು ಹಾಡಬೇಕು, ಯಾವುದನ್ನು ಬಿಡಬೇಕು, ಯಾವ ರಾಗ, ಎಷ್ಟು ವೇಗ, ಮಾತನ್ನು ಎಲ್ಲಿ ನಿಲ್ಲಿಸಬೇಕು ಎಂಬುದೆಲ್ಲ ಭಾಗವತನ ನಿರ್ಧಾರ. ಅವನ ಕೈಯಲ್ಲಿರುವ ಜಾಗಟೆಯ ಪೆಟ್ಟಿಗೆ ಚೆಂಡೆ, ಮದ್ದಳೆಗಳು ಏಳುತ್ತವೆ, ಇಳಿಯುತ್ತವೆ. ಬಣ್ಣ ಹಚ್ಚದ, ಕಿರೀಟ ಕಟ್ಟದ ಈ ಮನುಷ್ಯನನ್ನು ಹಿರಿಯರು ‘ಮೊದಲನೆಯ ವೇಷಧಾರಿ’ ಎಂದು ಕರೆದದ್ದು ಇದೇ ಕಾರಣಕ್ಕೆ.

ಜಗತ್ತಿನ ಬೇರೆ ರಂಗಕಲೆಗಳ ಜೊತೆ ಹೋಲಿಸಿದರೆ ಇದರ ವೈಶಿಷ್ಟ್ಯ ಇನ್ನೂ ಸ್ಪಷ್ಟವಾಗುತ್ತದೆ. ಯುರೋಪಿನ ಆಪೆರಾದಲ್ಲಿ ಹಾಡುವವರು ರಂಗದ ಮೇಲಿರುತ್ತಾರೆ, ವಾದ್ಯಗಳನ್ನು ನಡೆಸುವವನು ಬೇರೆ ಇರುತ್ತಾನೆ. ನೆರೆಯ ಕೇರಳದ ಕಥಕಳಿಯಲ್ಲಿ ಗಾಯಕರೇ ಜಾಗಟೆ ಹಿಡಿದು ತಾಳ ನಡೆಸುತ್ತಾರೆ, ಆದರೆ ಅಲ್ಲಿ ವೇಷಧಾರಿ ಮಾತನಾಡುವುದಿಲ್ಲ. ಜಾವಾ ದ್ವೀಪದ ತೊಗಲುಗೊಂಬೆ ಆಟದಲ್ಲಿ ‘ದಲಾಂಗ್’ ಎಂಬವನು ಹಾಡಿ, ಕತೆ ಹೇಳಿ, ವಾದ್ಯಮೇಳವನ್ನೂ ನಡೆಸುತ್ತಾನೆ. ಭಾಗವತನಿಗೆ ಹತ್ತಿರದ ಬಂಧು ಇವನೇ. ಆದರೆ ದಲಾಂಗನ ಕೈಯಲ್ಲಿರುವುದು ಗೊಂಬೆಗಳು. ಭಾಗವತನ ಮುಂದೆ ಇರುವವರು ಸ್ವಂತ ಬುದ್ಧಿ, ಸ್ವಂತ ಮಾತು, ಕೆಲವೊಮ್ಮೆ ಸ್ವಂತ ಹಟವೂ ಇರುವ ಮನುಷ್ಯರು!

ಒಂದು ಸಂದರ್ಭವನ್ನು ಊಹಿಸಿಕೊಳ್ಳಿ. ಕುಂತಿ ಕರ್ಣನ ಬಳಿಗೆ ಬಂದು, ನೀನು ನನ್ನ ಮಗ ಎಂದು ಹೇಳಿದ್ದಾಳೆ. ಕರ್ಣನ ಪಾತ್ರಧಾರಿ ಮಾತಿನಲ್ಲಿ ದುಃಖವನ್ನು ಏರಿಸುತ್ತ ಹೋಗುತ್ತಾನೆ. ಸಭೆ ನಿಶ್ಶಬ್ದವಾಗಿದೆ. ಇನ್ನೆರಡು ವಾಕ್ಯ ಹೆಚ್ಚಾದರೆ ಅದೇ ದುಃಖ ಸಪ್ಪೆಯಾದೀತು. ಭಾಗವತ ಆ ಕ್ಷಣವನ್ನು ಗುರುತಿಸಿ ಮುಂದಿನ ಪದ್ಯವನ್ನು ಎತ್ತುತ್ತಾನೆ. ಮಾತು ಎಲ್ಲಿಗೆ ತಲುಪಿತ್ತೋ ಅಲ್ಲಿಂದಲೇ ಹಾಡು ಹೊರಡುತ್ತದೆ. ಇನ್ನೊಂದು ದಿನ ಎಳೆಯ ವೇಷಧಾರಿಯೊಬ್ಬ ಮಾತು ತಪ್ಪಿ ಕಂಗಾಲಾಗಿ ನಿಂತಿದ್ದಾನೆ ಎನ್ನಿ. ಆಗಲೂ ಭಾಗವತ ಪದ್ಯ ಎತ್ತುತ್ತಾನೆ. ಹುಡುಗನ ಮಾನ ಉಳಿಯುತ್ತದೆ, ಸಭೆಗೆ ಗೊತ್ತೇ ಆಗುವುದಿಲ್ಲ. ಇಂಥ ಹಾಡುಗಾರಿಕೆಗೆ ‘ರಂಗಗಾಯನ’ ಎಂಬ ಹೆಸರಿದೆ. ಇಲ್ಲಿ ಗಂಟಲಿನಷ್ಟೇ ಕೆಲಸ ಕಿವಿಗೂ ಕಣ್ಣಿಗೂ ಇದೆ.

ಚೆಂಡೆಯನ್ನು ಮೀರಿದ ಸ್ವರ

ಧ್ವನಿವರ್ಧಕ ಹಳ್ಳಿಗಳಿಗೆ ಬರುವ ಮುಂಚಿನ ಕಾಲವನ್ನು ನೆನೆಯಿರಿ. ಕೊಯ್ಲಾದ ಗದ್ದೆಯಲ್ಲಿ ರಂಗಸ್ಥಳ, ದೊಂದಿಯ ಇಲ್ಲವೆ ಗ್ಯಾಸ್‌ಲೈಟಿನ ಬೆಳಕು, ಸುತ್ತ ನೂರಾರು ಜನ. ತೆಂಕುತಿಟ್ಟಿನ ಚೆಂಡೆಯ ಅಬ್ಬರ ನಿಮಗೆ ಗೊತ್ತು. ಅದು ಗುಡ್ಡದಾಚೆಗೂ ಕೇಳಿಸುವ ವಾದ್ಯ. ಅದರ ನಡುವೆ ಕೊನೆಯ ಸಾಲಿನ ಪ್ರೇಕ್ಷಕನಿಗೂ ಪದ್ಯದ ಅಕ್ಷರ ಅಕ್ಷರ ಮುಟ್ಟಬೇಕು. ಆದ್ದರಿಂದ ಏರು ಶ್ರುತಿ, ನೇರ ಉಚ್ಚಾರ, ರಾಗದ ಚೊಕ್ಕ ರೇಖೆ ಇವು ಆ ಕಾಲದ ಅಗತ್ಯಗಳಾಗಿದ್ದವು.

ಆ ಪರಂಪರೆಯ ದೊಡ್ಡ ಹೆಸರು ಬಲಿಪರದು. ಪುತ್ತೂರಿನ ಗಡಿಯಾಚೆ, ಇಂದು ಕಾಸರಗೋಡು ಜಿಲ್ಲೆಗೆ ಸೇರಿದ ಪಡ್ರೆಯಲ್ಲಿ 1938ರಲ್ಲಿ ಹುಟ್ಟಿದ ಬಲಿಪ ನಾರಾಯಣ ಭಾಗವತರು, ಅದೇ ಹೆಸರಿನ ತಮ್ಮ ಅಜ್ಜನಿಂದ ಈ ವಿದ್ಯೆಯನ್ನು ಪಡೆದರು. ಕಟೀಲು ಮೇಳದಲ್ಲಿ ದಶಕಗಳ ಕಾಲ ಹಾಡಿದರು. ಏರು ಶ್ರುತಿಯ ಅವರ ಕಂಠವನ್ನು ಒಮ್ಮೆ ಕೇಳಿದವರು ಬೇರೆ ಯಾರದೋ ಎಂದು ತಿಳಿಯುವಂತಿರಲಿಲ್ಲ. ‘ಬಲಿಪ ಶೈಲಿ’ ಎಂಬ ಮಾತೇ ಹುಟ್ಟಿಕೊಂಡಿತು. ಮೂವತ್ತಕ್ಕೂ ಮಿಕ್ಕಿ ಪ್ರಸಂಗಗಳನ್ನು ರಚಿಸಿದ ಅವರು ಐದು ದಿನಗಳ ಕಾಲ ಆಡುವಂಥ ‘ದೇವೀಮಹಾತ್ಮೆ’ಯನ್ನೂ ಬರೆದರು. 2023ರ ಫೆಬ್ರವರಿಯಲ್ಲಿ ಅವರು ತೀರಿಕೊಂಡಾಗ ಒಂದು ಕಾಲದ ಜೀವಂತ ಪ್ರಸಂಗ ಭಂಡಾರವೇ ಹೋಯಿತೆಂದು ಕರಾವಳಿ ದುಃಖಿಸಿತು.

ಇಲ್ಲಿ ಒಂದು ವಿಷಯವನ್ನು ಗಮನಿಸಬೇಕು. ಜನ ಬಲಿಪರನ್ನು ಮೆಚ್ಚಿದ್ದು ಗಂಟಲಿನ ಶಕ್ತಿಗಾಗಿ ಮಾತ್ರವಲ್ಲ. ಪ್ರಸಂಗದ ಒಳಹೊರಗು ತಿಳಿದ ಭಾಗವತನಿಗೆ ಹಿಂದಿನ ಪದ್ಯ, ಮುಂದಿನ ಪದ್ಯ, ಕತೆಯ ಓಟ ಎಲ್ಲವೂ ಕಣ್ಣ ಮುಂದೆ ಇರುತ್ತದೆ. ಅಂಥವನು ಕುಳಿತರೆ ವೇಷಧಾರಿಗೆ ಧೈರ್ಯ. ಸಾಹಿತ್ಯದ ತಿಳುವಳಿಕೆ ಗಾಯಕನಿಗೆ ಏಕೆ ಬೇಕು ಎಂದು ಕೇಳುವವರಿಗೆ ಇದಕ್ಕಿಂತ ಒಳ್ಳೆಯ ಉತ್ತರವಿಲ್ಲ.

ಧ್ವನಿವರ್ಧಕ ತಂದ ಪರೀಕ್ಷೆ

ಧ್ವನಿವರ್ಧಕ ಬಂದ ಮೇಲೆ ಕಂಠದ ಮೇಲಿನ ಭಾರ ಇಳಿಯಿತು. ಮೆಲ್ಲನೆ ಹಾಡಿದರೂ ಕೇಳಿಸುತ್ತದೆ. ಸಣ್ಣ ಗಮಕಗಳೂ ಕಿವಿಗೆ ಬೀಳುತ್ತವೆ. ಹೀಗೆ ತೆರೆದ ಬಾಗಿಲಿನಿಂದ ಶಾಸ್ತ್ರೀಯ ಸಂಗೀತದ ರಾಗಗಳು ರಂಗಸ್ಥಳಕ್ಕೆ ಧಾರಾಳವಾಗಿ ಬಂದವು. ಕರ್ನಾಟಕ ಮೇಳದ ದಾಮೋದರ ಮಂಡೆಚ್ಚರು ಈ ಬಗೆಯ ಹಾಡಿಕೆಯಿಂದ ಅಪಾರ ಜನಪ್ರಿಯತೆ ಪಡೆದರು. ಭಾಗವತರ ಹಾಡು ಕೇಳಲೆಂದೇ ಜನ ಬರುವ ಕಾಲ ಶುರುವಾಯಿತು.

ಆದರೆ ಲಾಭದ ಜೊತೆ ಒಂದು ಅಪಾಯವೂ ಬಂತು. ಹಾಡು ಸೊಗಸಾಯಿತೆಂದು ಭಾಗವತ ಆಲಾಪವನ್ನು ಲಂಬಿಸುತ್ತ ಹೋದರೆ ವೇಷಧಾರಿ ಏನು ಮಾಡಬೇಕು? ಯುದ್ಧಕ್ಕೆ ಹೊರಟ ವೀರ ರಂಗಸ್ಥಳದ ನಡುವೆ ಕೈಕಟ್ಟಿ ನಿಲ್ಲಬೇಕಾಗುತ್ತದೆ. ಹಾಡು ಗೆದ್ದಿತು, ಆಟ ಸೋತಿತು!

ಈ ಚಿಂತೆ ಹೊಸತೇನೂ ಅಲ್ಲ. ಪುತ್ತೂರಿನ ಬಾಲವನದಲ್ಲಿ ದಶಕಗಳ ಕಾಲ ನೆಲೆಸಿದ್ದ ಶಿವರಾಮ ಕಾರಂತರು ಯಕ್ಷಗಾನದ ಸಂಗೀತಕ್ಕೆ ತನ್ನದೇ ಆದ ಒಂದು ಚಹರೆ ಇದೆಯೆಂದು ನಂಬಿದವರು. ಅವರ ದುಡಿಮೆ ಹೆಚ್ಚಾಗಿ ಬಡಗುತಿಟ್ಟಿಗೆ ಸಂಬಂಧಿಸಿದ್ದು. ಹಳೆಯ ಭಾಗವತರನ್ನು ಕಂಡು, ಕೇಳಿ, 1957ರಲ್ಲಿ ‘ಯಕ್ಷಗಾನ ಬಯಲಾಟ’ ಎಂಬ ಗ್ರಂಥವನ್ನು ಹೊರತಂದರು. ಮುಂದೆ ಅವರೇ ಪಿಟೀಲು, ಸ್ಯಾಕ್ಸೊಫೋನುಗಳನ್ನು ಸೇರಿಸಿ, ಮಾತನ್ನು ಕೈಬಿಟ್ಟು ಯಕ್ಷಗಾನ ಬ್ಯಾಲೆಗಳನ್ನು ಕಟ್ಟಿದರು. ಅದನ್ನು ಒಪ್ಪದವರೂ ಇದ್ದರು. ಆದರೆ ಹಾಡು ಯಾರಿಗಾಗಿ, ಯಾತಕ್ಕಾಗಿ ಎಂಬ ಪ್ರಶ್ನೆಯನ್ನು ಅವರು ಗಟ್ಟಿಯಾಗಿ ಕೇಳಿದರು ಎಂಬುದರಲ್ಲಿ ಅನುಮಾನವಿಲ್ಲ.

ಈ ಪರೀಕ್ಷೆಯಲ್ಲಿ ತೇರ್ಗಡೆಯಾದವರಲ್ಲಿ ಸುಳ್ಯ ತಾಲೂಕಿನ ಕಲ್ಮಡ್ಕದ ಪದ್ಯಾಣ ಗಣಪತಿ ಭಟ್ಟರು ಒಬ್ಬರು. 1955ರಲ್ಲಿ ಹುಟ್ಟಿದ ಅವರು ಹೆಸರಾಂತ ಗುರು ಮಾಂಬಾಡಿ ನಾರಾಯಣ ಭಾಗವತರಲ್ಲಿ ಕಲಿತರು. ಸುರತ್ಕಲ್ ಮೇಳದಲ್ಲಿ ಎರಡು ದಶಕಗಳಿಗೂ ಮಿಕ್ಕಿ ಹಾಡಿದರು. ಶೇಣಿ ಗೋಪಾಲಕೃಷ್ಣ ಭಟ್ಟರಂಥ ಮಾತಿನ ಮಲ್ಲರು ವೇಷ ಮಾಡಿದ ಮೇಳ ಅದು. ಟೆಂಟು ಕಟ್ಟಿ, ಟಿಕೇಟು ಇಟ್ಟು ಆಡುವ ಆಟ. ಸೇರಿದ ಜನಕ್ಕೆ ಹಿಡಿಸದಿದ್ದರೆ ಮರುದಿನದ ಟೆಂಟು ಖಾಲಿ. ಪುರಾಣದ ಕನ್ನಡ ಪ್ರಸಂಗಗಳ ಜೊತೆ ತುಳು ಪ್ರಸಂಗಗಳನ್ನೂ ಹಾಡಬೇಕು. ಅಲ್ಲಿ ಪಳಗಿದ ಪದ್ಯಾಣರು ರಾಗವನ್ನು ಹಿಗ್ಗಿಸಬಲ್ಲವರಾಗಿದ್ದರು, ವೇಷಧಾರಿಯ ಹೆಜ್ಜೆಗೆ ಬೇಕಾದಾಗ ಅದನ್ನು ಕುಗ್ಗಿಸಲೂ ಬಲ್ಲವರಾಗಿದ್ದರು. ಕೊನೆಯ ವರ್ಷಗಳಲ್ಲಿ ಪುತ್ತೂರು ತಾಲೂಕಿನ ಈಶ್ವರಮಂಗಲದ ಹನುಮಗಿರಿ ಮೇಳದಲ್ಲಿ ಹಾಡುತ್ತಿದ್ದ ಅವರು 2021ರ ಅಕ್ಟೋಬರಿನಲ್ಲಿ ನಿಧನರಾದರು.

ಕಡಬದ ಮನೆಯಲ್ಲಿ ಕಲಿತ ಕಂಠ

ಈಗ ಇನ್ನೊಂದು ಪ್ರಶ್ನೆ. ಭಾಗವತಿಕೆಗೆ ಗಂಡು ಕಂಠವೇ ಬೇಕೆ? ಬಹುಕಾಲ ಇದು ಪ್ರಶ್ನೆಯೇ ಆಗಿರಲಿಲ್ಲ. ಹೌದೆಂದೇ ಎಲ್ಲರೂ ನಂಬಿದ್ದರು. ಚೆಂಡೆಯ ಎದುರು, ಬಣ್ಣದ ವೇಷದ ಎದುರು ಹೆಣ್ಣಿನ ಸ್ವರ ನಿಂತೀತೇ ಎಂದು ಅನುಮಾನಪಡುವವರು ಕಡಿಮೆ ಇರಲಿಲ್ಲ. ಊರಿಂದ ಊರಿಗೆ ತಿರುಗುತ್ತ, ಚೌಕಿಯಲ್ಲಿ ಹೊತ್ತು ಕಳೆದು, ರಾತ್ರಿ ನಿದ್ದೆಗೆಡುವ ಜೀವನ ಹೆಂಗಸರಿಗೆ ಹೇಳಿದ್ದಲ್ಲ ಎಂಬ ಮಾತೂ ಇತ್ತು.

ಇದಕ್ಕೆ ಉತ್ತರ ಕೊಟ್ಟವರು ಲೀಲಾವತಿ ಬೈಪಾಡಿತ್ತಾಯರು. 1947ರಲ್ಲಿ ಕಾಸರಗೋಡಿನ ಮಧೂರಿನಲ್ಲಿ ಹುಟ್ಟಿದ ಅವರು ಬಾಲ್ಯದಲ್ಲಿ ಕಲಿತದ್ದು ಶಾಸ್ತ್ರೀಯ ಸಂಗೀತ. ಕಡಬದ ಹರಿನಾರಾಯಣ ಬೈಪಾಡಿತ್ತಾಯರನ್ನು ಮದುವೆಯಾದ ಮೇಲೆ ಯಕ್ಷಗಾನ ಅವರ ಬದುಕಿಗೆ ಬಂತು. ಚೆಂಡೆ, ಮದ್ದಳೆಗಳಲ್ಲಿ ಪರಿಣತರಾಗಿದ್ದ ಪತಿಯೇ ಗುರುವಾದರು. ಹೀಗೆ ಮನೆಯಲ್ಲಿ ಶುರುವಾದ ಪಾಠ ಅವರನ್ನು ಅರುವ ಮೊದಲಾದ ವೃತ್ತಿಮೇಳಗಳ ರಂಗಸ್ಥಳಕ್ಕೆ ಕರೆದೊಯ್ದಿತು. ಪತ್ನಿ ಜಾಗಟೆ ಹಿಡಿದು ಹಾಡುವುದು, ಪಕ್ಕದಲ್ಲಿ ಪತಿ ವಾದ್ಯ ನುಡಿಸುವುದು ಆ ದಿನಗಳಲ್ಲಿ ಜನ ಬೆರಗಿನಿಂದ ನೋಡಿದ ದೃಶ್ಯ. ತೆಂಕುತಿಟ್ಟಿನ ಮೊದಲ ವೃತ್ತಿಪರ ಮಹಿಳಾ ಭಾಗವತರೆಂದು ಚರಿತ್ರೆ ಅವರನ್ನು ಗುರುತಿಸುತ್ತದೆ. ಮುಂದೆ ಅವರು ಮಕ್ಕಳಿಗೆ ಪಾಠವನ್ನೂ ಹೇಳಿದರು. 2023ರಲ್ಲಿ ರಾಜ್ಯೋತ್ಸವ ಪ್ರಶಸ್ತಿ ಬಂತು. 2024ರ ಡಿಸೆಂಬರಿನಲ್ಲಿ ಅವರು ಕಣ್ಮುಚ್ಚಿದರು.

ಅವರ ಸಾಧನೆಯನ್ನು ‘ಹೆಂಗಸಾದರೂ ಹಾಡಿದರು’ ಎಂದು ಹೇಳಿ ಮುಗಿಸುವುದು ಸರಿಯಲ್ಲ. ಶಾಸ್ತ್ರೀಯ ಸಂಗೀತ ಬಲ್ಲವರು ಯಕ್ಷಗಾನಕ್ಕೆ ಬಂದಾಗ ಮೊದಲು ಕಲಿಯಬೇಕಾದದ್ದು ಬಿಡುವುದನ್ನು. ಕಚೇರಿಯಲ್ಲಿ ರಾಗವೇ ನಾಯಕ. ರಂಗಸ್ಥಳದಲ್ಲಿ ರಾಗ ಪಾತ್ರದ ಹಿಂದೆ ನಡೆಯಬೇಕು. ಇಷ್ಟಪಟ್ಟು ಕಲಿತದ್ದನ್ನು ಅಳತೆಯರಿತು ಬಳಸುವ ಈ ಸಂಯಮವನ್ನು ಅವರು ಗಳಿಸಿಕೊಂಡರು. ಇಂದು ಕರಾವಳಿಯಲ್ಲಿ ಅನೇಕ ಹೆಣ್ಣುಮಕ್ಕಳು ಭಾಗವತಿಕೆ ಮಾಡುತ್ತಿದ್ದಾರೆ. ಅವರು ನಡೆಯುತ್ತಿರುವ ದಾರಿಯ ಮೊದಲ ಮುಳ್ಳುಗಳನ್ನು ತೆಗೆದವರು ಯಾರೆಂದು ನೀವು ತಿಳಿದಿರಬೇಕು.

ಕೇಳುವುದನ್ನು ಕಲಿಯೋಣ

ಬಲಿಪರ ಕಂಠವೇ ಬೇರೆ, ಪದ್ಯಾಣರದೇ ಬೇರೆ, ಲೀಲಾವತಿಯವರದೇ ಬೇರೆ. ಒಬ್ಬರ ಮಧುರತೆಯ ಅಳತೆಯಿಂದ ಇನ್ನೊಬ್ಬರನ್ನು ಅಳೆಯಲಾಗದು. ಆದರೂ ಮೂವರಿಗೂ ಸಮಾನವಾದ ಒಂದು ಗುಣವಿತ್ತು. ತಮ್ಮ ಹಾಡಿನಿಂದ ಎದುರಿಗಿರುವವನು ಬೆಳೆಯಬೇಕು ಎಂಬ ಎಚ್ಚರ ಅದು. ದೊಡ್ಡ ಗಾಯಕ ತಾನು ಹಾಡುವಾಗಲೂ ಇನ್ನೊಬ್ಬರನ್ನು ಕೇಳುತ್ತಿರುತ್ತಾನೆ. ಕಚೇರಿಯ ಗಾಯಕನಿಗೆ ಆ ಇನ್ನೊಬ್ಬ ಮೃದಂಗದವನಿರಬಹುದು, ಸಿನಿಮಾ ಗಾಯಕನಿಗೆ ತೆರೆಯ ಮೇಲಿನ ಪಾತ್ರವಿರಬಹುದು. ನಿಮ್ಮ ಮೆಚ್ಚಿನ ಗಾಯಕರನ್ನು ಈ ಒರೆಗಲ್ಲಿನಲ್ಲಿ ಒಮ್ಮೆ ತಿಕ್ಕಿ ನೋಡಿ.

ಈ ಒರೆಗಲ್ಲು ಇಂದು ಹೆಚ್ಚು ಅಗತ್ಯ. ಹಲವು ಮೇಳಗಳು ಇಡೀ ರಾತ್ರಿಯ ಆಟವನ್ನು ಬಿಟ್ಟು ಕಾಲಮಿತಿಯ ಆಟಕ್ಕೆ ಬಂದಿವೆ. ವೇಷಗಳಿಲ್ಲದೆ ಭಾಗವತರು ಮಾತ್ರ ಹಾಡುವ ‘ಗಾನವೈಭವ’ಗಳು ನಡೆಯುತ್ತಿವೆ. ಮೊಬೈಲಿನಲ್ಲಿ ಒಂದೊಂದೇ ಪದ್ಯವನ್ನು ಕತ್ತರಿಸಿ ಕೇಳುವುದು ರೂಢಿಯಾಗಿದೆ. ಇವುಗಳಿಂದ ಹೊಸ ಕೇಳುಗರು ಹುಟ್ಟಿದ್ದಾರೆ, ಸಂತೋಷ. ಆದರೆ ಪದ್ಯವೊಂದನ್ನೇ ಕೇಳಿದವರಿಗೆ ಅದು ಯಾರ ಮಾತನ್ನು ಎತ್ತಿ ಹಿಡಿಯಿತು, ಯಾರ ಹೆಜ್ಜೆಗೆ ನೆಲವಾಯಿತು ಎಂಬುದು ತಿಳಿಯುವುದಿಲ್ಲ. ಕೇಳುಗರು ಆಲಾಪಕ್ಕೆ ಮಾತ್ರ ಚಪ್ಪಾಳೆ ತಟ್ಟಿದರೆ ನಾಳೆಯ ಭಾಗವತರು ಅದನ್ನೇ ಕಲಿಯುತ್ತಾರೆ. ಕಲಾವಿದ ಹೇಗೋ ಹಾಗೆ ಕೇಳುಗನೂ ಕಲೆಯ ಚರಿತ್ರೆಯನ್ನು ಬರೆಯುತ್ತಾನೆ.

ಆದ್ದರಿಂದ ಮುಂದಿನ ಸಲ ಆಟಕ್ಕೋ, ಮಳೆಗಾಲದ ತಾಳಮದ್ದಳೆಗೋ ಹೋದಾಗ ಹೀಗೆ ಮಾಡಿ. ಪದ್ಯದ ಶಬ್ದಗಳು ಸ್ಪಷ್ಟವಾಗಿ ಕೇಳಿದವೇ? ರಾಗ ಆ ಸಂದರ್ಭಕ್ಕೆ ಒಪ್ಪಿತೇ? ಮಾತು ಮುಗಿದ ಕಡೆಯಿಂದಲೇ ಹಾಡು ಹುಟ್ಟಿತೇ? ಹಾಡು ಮುಗಿದಾಗ ವೇಷಧಾರಿಗೆ ಮಾತು ಸುಲಭವಾಯಿತೇ? ಈ ನಾಲ್ಕನ್ನು ಬರೆದುಕೊಳ್ಳಿ. ನಿಮ್ಮ ಊರಿನಲ್ಲಿ ಭಾಗವತಿಕೆ ಮಾಡಿದ ಹಿರಿಯರಿದ್ದರೆ, ಪತ್ತನಾಜೆ ಕಳೆದು ಮೇಳಗಳು ತಿರುಗಾಟ ನಿಲ್ಲಿಸಿದ ಬಿಡುವಿನಲ್ಲಿ ಅವರ ಮನೆಗೆ ಹೋಗಿ. ಅವರು ಹಾಡುವ ಹಳೆಯ ಮಟ್ಟುಗಳನ್ನು ಅನುಮತಿ ಪಡೆದು ಧ್ವನಿಮುದ್ರಿಸಿ, ಯಾವ ಪ್ರಸಂಗದ್ದು, ಯಾರಿಂದ ಕಲಿತದ್ದು ಎಂದು ದಿನಾಂಕ ಸಮೇತ ದಾಖಲಿಸಿಡಿ. ಆ ಮಟ್ಟುಗಳಲ್ಲಿ ಹಲವು ಯಾವ ಪುಸ್ತಕದಲ್ಲೂ ಇಲ್ಲ. ಅವು ಉಳಿದಿರುವುದು ಆ ಹಿರಿಯರ ಗಂಟಲಿನಲ್ಲಿ ಮಾತ್ರ.